ಶನಿವಾರದ ಹೊಟ್ಟೆನೋವು: ನಾಟಕದ ತರಗತಿಗೆ ಹೆದರಿದ ಒಬ್ಬ ವಿದ್ಯಾರ್ಥಿನಿಯ ಪ್ರಕರಣ

(ಹುಡುಗಿ ಮತ್ತು ಪಾಲಕರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಲಾಗಿದೆ.)

ಕಲಬುರಗಿ ನಗರದ ಒಂದು ಪ್ರೌಢಶಾಲೆ, ಒಂಬತ್ತನೆಯ ತರಗತಿ. ಸೇಡಂ ಕಡೆಯ ಹಳ್ಳಿಯಿಂದ ಬಂದು ನಗರದಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡ ಕುಟುಂಬದ ಹುಡುಗಿ. ಮನೆಯಲ್ಲಿ ಅಪ್ಪ, ಅವ್ವ, ತಮ್ಮ, ಮುತ್ಯಾ (ಅಜ್ಜ). ಲೆಕ್ಕದಲ್ಲಿ ಚುರುಕು, ಗೆಳತಿಯರೂ ಇದ್ದಾರೆ. ಶಾಲೆಯವರು ಈ ವರ್ಷ ಶನಿವಾರದ ಕೊನೆಯ ಎರಡು ಪಿರಿಯಡ್‌ಗಳನ್ನು ನಾಟಕದ ಪರಿಚಯ ತರಗತಿಗೆ ಕೊಟ್ಟಿದ್ದರು. ಮೂರನೆಯ ಶನಿವಾರದಿಂದ ಹುಡುಗಿಗೆ ಬೆಳಗಿನ ಜಾವವೇ ಹೊಟ್ಟೆನೋವು. ಶಾಲೆ ಬಿಡುವ ಹೊತ್ತಿಗೆ ನೋವು ತಾನಾಗಿಯೇ ಮಾಯ. ಡಾಕ್ಟರಿಗೆ ತೋರಿಸಿದರೆ ಹೊಟ್ಟೆಯಲ್ಲಿ ಏನೂ ತೊಂದರೆ ಕಾಣಲಿಲ್ಲ.

ಆಪ್ತಸಮಾಲೋಚನೆಗೆಂದು ನಮ್ಮ ಹತ್ತಿರ ಕರೆತಂದಾಗ ಅವ್ವನ ಪ್ರಶ್ನೆ ಒಂದೇ: "ಖರೇನೇ ನೋಯ್ತದೋ, ಸುಳ್ಳ ಹೇಳ್ತಾಳೋ, ತಿಳಿವಲ್ದು ನೋಡ್ರಿ ಮೇಡಂ."

ಖರೇನೇ ನೋಯುತ್ತದೆ. ಹೆದರಿಕೆ ಹುಟ್ಟಿದಾಗ ದೇಹ ಓಡಲು ತಯಾರಾಗುತ್ತದೆ, ರಕ್ತ ಕೈಕಾಲಿನ ಕಡೆ ಹರಿಯುತ್ತದೆ, ಜೀರ್ಣಕ್ರಿಯೆ ಏರುಪೇರಾಗಿ ಕರುಳು ಹಿಂಡುತ್ತದೆ. ಅದರ ಮೇಲೆ ಈ ಹುಡುಗಿ ಶನಿವಾರ ಬೆಳಗ್ಗೆ ಬರೀ ಹೊಟ್ಟೆಯಲ್ಲಿ ಚಹಾ ಕುಡಿದು ಸುಮ್ಮನಿರುತ್ತಿದ್ದಳು. ನೋವನ್ನು ಸುಳ್ಳು ಅಂದರೆ ಮಗು ಅದನ್ನು ಸಾಬೀತು ಮಾಡಲು ಇನ್ನಷ್ಟು ಜೋರಾಗಿ ನರಳಬೇಕಾಗುತ್ತದೆ, ಅಷ್ಟೇ ಲಾಭ.

ತರಗತಿಯಲ್ಲಿ ನಡೆದದ್ದೇನು ಅಂತ ಎಳೆ ಎಳೆಯಾಗಿ ಕೇಳಿದೆವು. ಎರಡನೆಯ ಶನಿವಾರವೇ ಎಲ್ಲರೂ ಒಬ್ಬೊಬ್ಬರಾಗಿ ಎದ್ದು ನಿಂತು ಒಂದು ನಿಮಿಷದ ಸ್ವಗತ ಒಪ್ಪಿಸಬೇಕಿತ್ತು. ಅವಳಿಗೆ ಸಿಕ್ಕದ್ದು ಪುಣೆಗೆ ದುಡಿಯಲು ಹೋದ ಅಣ್ಣನ ದಾರಿ ಕಾಯುವ ತಂಗಿಯ ಮಾತು. ಬರೆದದ್ದು ಪುಸ್ತಕದ ಕನ್ನಡದಲ್ಲಿ. "ಹೋಗಿದ್ದಾನೆ" ಅನ್ನುವ ಕಡೆ "ಹೋಗ್ಯಾನ" ಅಂತ ಬಾಯಿಗೆ ಬಂತು. ಹಿಂದಿನ ಬೆಂಚಿನವರು ನಕ್ಕರು. ಶಿಕ್ಷಕರು ತಡೆದು ತಿದ್ದಿದರು. ಮುಂದಿನ ವಾಕ್ಯದಲ್ಲಿ ಮತ್ತೆ ತಿದ್ದಿದರು. ಮೂರನೆಯ ಸಲ ನಿಲ್ಲಿಸಿದಾಗ ಮುಂದಿನ ಮಾತೇ ಹೋಯಿತು. "ಎದಿ ಡವಡವ ಅಂತು, ಬಾಯಿ ಒಣಗಿತ್ರಿ. ಎಲ್ಲಾ ಬಿಳಿ ಆಯ್ತು," ಅಂದಳು. ಹೋಗಿ ಕುಳಿತಳು.

ಶಿಕ್ಷಕರದು ಕೆಟ್ಟ ಉದ್ದೇಶವಲ್ಲ. ಆದರೆ ಒಂದೇ ಹೊತ್ತಿಗೆ ಮೂರು ಕೆಲಸ ಹೊರಿಸಿದ್ದರು: ಪಾಠ ನೆನಪಿಡುವುದು, ಬಾಯಿಗೆ ರೂಢಿಯಿಲ್ಲದ ಭಾಷೆ ಆಡುವುದು, ಮೂವತ್ತು ಜೋಡಿ ಕಣ್ಣು ತನ್ನನ್ನು ನೋಡುತ್ತಿವೆ ಅನ್ನುವುದನ್ನು ತಾಳಿಕೊಳ್ಳುವುದು. ಮೂರನೆಯದೊಂದೇ ಗಮನವನ್ನೆಲ್ಲ ನುಂಗುತ್ತದೆ. ಉಳಿದೆರಡಕ್ಕೆ ಏನೂ ಮಿಗುವುದಿಲ್ಲ. ಇಂಥ ಮಕ್ಕಳಿಗೆ ಎಲ್ಲರೂ ಕೊಡುವ ಔಷಧಿ ಧೈರ್ಯದ ಮಾತು, "ಅಂಜಬ್ಯಾಡ, ನಿನಗ ಬರ್ತದ." ಧೈರ್ಯ ಹೇಳಿದರೆ ಈ ಮೂರರಲ್ಲಿ ಒಂದೂ ಹಗುರಾಗುವುದಿಲ್ಲ. ನಾವು ಮಾಡಿದ್ದು ಇಷ್ಟೇ: ಮೂರನ್ನೂ ಬಿಡಿಸಿ, ಒಂದೊಂದನ್ನೇ ಕಲಿಸಿ, ಆಮೇಲೆ ಜೋಡಿಸಿದ್ದು.

ಮೆಟ್ಟಿಲು

ಮೊದಲು ಹೆದರಿಕೆಗೆ ಅಂಕ ಕೊಡಿಸಿದೆವು, ಸೊನ್ನೆಯಿಂದ ಹತ್ತು. ಬೇರೆಯವರ ನಾಟಕ ನೋಡುತ್ತ ಕೂರುವುದು 1. ಒಬ್ಬ ಗೆಳತಿಯ ಎದುರು ನಿಂತು ಕನ್ನಡಿ ಆಟ ಆಡುವುದು 2. ಒಬ್ಬಳು ಕೈ ಆಡಿಸಿದ ಹಾಗೆ ಇನ್ನೊಬ್ಬಳು ಆಡಿಸುವ ಆಟ, ಇದರಲ್ಲಿ ಮಾತಿಲ್ಲ. ವೃತ್ತದಲ್ಲಿ ನಿಂತು ಹೆಸರು ಹೇಳಿ ಒಂದು ಅಭಿನಯ ಮಾಡುವುದು 3. ಕೂತಲ್ಲೇ ಗೆಳತಿಗೆ ಓದಿ ಹೇಳುವುದು 4. ಎದ್ದು ನಿಂತು ಐದು ಜನರಿಗೆ ಓದುವುದು 6. ಅದನ್ನೇ ಹಾಳೆ ನೋಡದೆ 7. ಇಡೀ ತರಗತಿಯ ಎದುರು 9. ಗ್ಯಾದರಿಂಗ್‌ನಲ್ಲಿ (ಶಾಲಾ ವಾರ್ಷಿಕೋತ್ಸವದಲ್ಲಿ) ವೇದಿಕೆ ಹತ್ತುವುದು 10.

ಗಮನಿಸಿ, ತರಗತಿ ಶುರುವಾದದ್ದೇ 9ರಿಂದ.

ಮೆಟ್ಟಿಲು ಏರುವ ನಿಯಮ ಎರಡು. ಒಂದು ಮೆಟ್ಟಿಲಿನ ಅಂಕ ಅರ್ಧಕ್ಕಿಳಿಯುವವರೆಗೆ ಅದನ್ನೇ ಮತ್ತೆ ಮತ್ತೆ ಮಾಡಬೇಕು. ಹೆದರಿಕೆ ತುತ್ತತುದಿಯಲ್ಲಿದ್ದಾಗ ಜಾಗ ಬಿಡಬಾರದು. ಅಲ್ಲೇ ನಿಂತರೆ ಕೆಲ ನಿಮಿಷಗಳಲ್ಲಿ ಎದೆಬಡಿತ ತಾನಾಗಿ ಇಳಿಯುತ್ತದೆ. ಆ ಹೊತ್ತಿಗೇ ಓಡಿಹೋದರೆ "ಓಡಿದ್ದಕ್ಕೇ ಬದುಕಿದೆ" ಅಂತ ದೇಹ ಪಾಠ ಕಲಿಯುತ್ತದೆ, ಮುಂದಿನ ಶನಿವಾರ ಹೊಟ್ಟೆ ಇನ್ನೂ ಬೇಗ ನೋಯುತ್ತದೆ. ತಪ್ಪಿಸಿಕೊಂಡ ಎರಡು ಶನಿವಾರ ಈ ಹುಡುಗಿಗೆ ಮಾಡಿದ ಹಾನಿ, ಆ ನಗುವಿಗಿಂತ ಹೆಚ್ಚು.

ಮಧ್ಯೆ ಶಾಲೆಯಿಂದ ಒಂದು ಸೂಚನೆ ಬಂತು: ಅವಳಿಗೆ ಪ್ರಾಪರ್ಟಿ (ರಂಗದ ಸಾಮಾನು), ಪರದೆಯ ಕೆಲಸ ಕೊಟ್ಟುಬಿಡೋಣವೇ? ರಂಗದ ಹಿಂದಿನ ಕೆಲಸ ಕಡಿಮೆಯದಲ್ಲ. ಬೆಳಕು, ಸಾಮಾನು, ಮರೆಯಿಂದ ಮಾತು ನೆನಪಿಸುವ ಪ್ರಾಂಪ್ಟಿಂಗ್ ಇಲ್ಲದೆ ನಾಟಕವೇ ಇಲ್ಲ. ಇಷ್ಟಪಟ್ಟು ಆರಿಸಿಕೊಂಡ ಮಗುವಿಗೆ ಅದೇ ಸರಿ. ಆದರೆ ಈ ಹುಡುಗಿಗೆ ಈ ಹೊತ್ತಿನಲ್ಲಿ ಅದು ಬಚ್ಚಿಟ್ಟುಕೊಳ್ಳುವ ಮೂಲೆಯಾಗುತ್ತಿತ್ತು. ಆದ್ದರಿಂದ ಪ್ರಾಪರ್ಟಿ ಕೆಲಸ ಜೊತೆಗಿರಲಿ, ಮಾತಿನ ಬದಲಿಗೆ ಬೇಡ ಅಂದೆವು.

ಉಸಿರು, ದನಿ

ಹೊಕ್ಕಳಿನ ಮೇಲೆ ಅಂಗೈ ಇಟ್ಟು, ಮೂಗಿನಿಂದ ನಾಲ್ಕು ಎಣಿಕೆ ಉಸಿರು ತೆಗೆದುಕೊಂಡು, "ಸ್‌ಸ್" ಅನ್ನುತ್ತ ಆರು ಎಣಿಕೆ ಬಿಡುವುದು. ಐದು ಸಲ, ಬೆಳಗ್ಗೆ ಮತ್ತು ರಾತ್ರಿ. ಮಕ್ಕಳು ಮಾಡುವ ತಪ್ಪು ಎರಡು: ಹೆಗಲು ಎತ್ತುತ್ತಾರೆ, ಆಗ ಗಾಳಿ ಎದೆಯ ಮೇಲ್ಭಾಗದಲ್ಲೇ ನಿಲ್ಲುತ್ತದೆ; ಅಥವಾ ಗಬಗಬ ಎಳೆದುಕೊಳ್ಳುತ್ತಾರೆ, ತಲೆ ತಿರುಗುತ್ತದೆ. ನಿಧಾನ ಬೇಕಿರುವುದು ಬಿಡುವುದರಲ್ಲಿ. ಇನ್ನೊಂದು: ಪರದೆಯ ಹಿಂದೆ ನಿಂತಾಗ ಮೊದಲ ಸಲ ಮಾಡಿದರೆ ಇದು ಕೆಲಸಕ್ಕೆ ಬರುವುದಿಲ್ಲ. ಅಂಜಿಕೆ ಇಲ್ಲದ ದಿನಗಳಲ್ಲಿ ರೂಢಿಯಾಗಿದ್ದರೆ ಮಾತ್ರ ಅಂಜಿಕೆಯ ದಿನ ಕೈಗೆ ಸಿಗುತ್ತದೆ.

ಆಮೇಲೆ ತುಟಿ ಮುಚ್ಚಿ "ಮ್" ಅಂತ ಗುನುಗುವುದು, ತುಟಿ ಜುಮ್ಮೆನ್ನುವವರೆಗೆ. ನಂತರ "ತರಿಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯ್ತಿತ್ತು," ಮೊದಲು ನಿಧಾನ, ಸ್ಪಷ್ಟವಾದ ಮೇಲೆ ವೇಗ. ದನಿ ದೊಡ್ಡದಾಗಬೇಕೆಂದು ಗಂಟಲಿನಿಂದ ಕಿರುಚಿದರೆ ಎರಡೇ ದಿನದಲ್ಲಿ ಗಂಟಲು ಕೂರುತ್ತದೆ. ಹಿಂದಿನ ಗೋಡೆಯ ಗಡಿಯಾರಕ್ಕೆ ಮಾತು ಮುಟ್ಟಿಸು ಅಂದರೆ ದನಿ ತಾನೇ ಏರುತ್ತದೆ, ಕಣ್ಣೂ ನೆಲ ಬಿಟ್ಟು ಮೇಲೇಳುತ್ತದೆ.

ಶನಿವಾರ ತರಗತಿಗೆ ಒಂದು ಗಂಟೆ ಮೊದಲು ಅರ್ಧ ರೊಟ್ಟಿ ಅಥವಾ ಬಾಳೆಹಣ್ಣು. ಬರೀ ಚಹಾ ಬೇಡ. ಗುಟುಕು ಗುಟುಕಾಗಿ ನೀರು.

ಮಾತು

ಇಲ್ಲಿಯೇ ಹೆಚ್ಚು ಹೊತ್ತು ಕೆಲಸ ಮಾಡಿದೆವು. ಹಾಳೆಯಲ್ಲಿದ್ದ ವಾಕ್ಯ ಇದು: "ಅಣ್ಣ ಈ ಸಲವೂ ಜಾತ್ರೆಗೆ ಬರಲಿಲ್ಲ. ನೀನು ಸುಳ್ಳು ಹೇಳಿದೆ, ಅಮ್ಮ." ಅವಳು ಇದನ್ನು ಒಪ್ಪಿಸುವಾಗ ಕೈ ಎರಡೂ ಪಕ್ಕಕ್ಕೆ ಅಂಟಿಕೊಂಡಿರುತ್ತಿದ್ದವು, ಉಸಿರೇ ತೆಗೆದುಕೊಳ್ಳುತ್ತಿರಲಿಲ್ಲ. ಹಾಳೆ ಕೆಳಗಿಡಿಸಿ, "ಇದನ್ನ ನಿಮ್ಮ ಮನ್ಯಾಗ ಹ್ಯಾಂಗ ಅಂತೀ, ಹಂಗ ಹೇಳವಾ," ಅಂದಾಗ ಬಂದದ್ದು: "ಅಣ್ಣ ಈ ಸಲನೂ ಜಾತ್ರಿಗಿ ಬರ್ಲಿಲ್ಲ. ನೀ ಸುಳ್ಳ ಹೇಳಿದಿ, ಯವ್ವಾ." "ಯವ್ವಾ" ಅನ್ನುವಾಗ ಬಲಗೈ ಮುಂದೆ ಬಂತು, ಕತ್ತು ಓರೆಯಾಯಿತು. ಯಾರೂ ಹೇಳಿಕೊಟ್ಟದ್ದಲ್ಲ.

ಮೊದಲು ತನ್ನ ಮಾತಿನಲ್ಲಿ ಅರ್ಥ ಗಟ್ಟಿಯಾಗಲಿ, ಆಮೇಲೆ ಬೇಕಿದ್ದರೆ ಪುಸ್ತಕದ ರೂಪಕ್ಕೆ ಹೋಗಲಿ. ಶಿಕ್ಷಕರಿಗೂ ಇದನ್ನೇ ಹೇಳಿದೆವು: ಆ ತಂಗಿ ಸೇಡಂ ಕಡೆಯವಳಾಗಿದ್ದರೆ ಅವಳ ಭಾಷೆ ಇದೇ, ಪಾತ್ರ ಯಾವ ಊರಿನದೋ ಆ ಊರಿನ ಮಾತು. ಪಾತ್ರಕ್ಕೆ ತಕ್ಕಂತೆ ಭಾಷೆ ಬೇರೆಬೇರೆ ಇರಬೇಕೆಂದು ನಾಟಕದ ಹಳೆಯ ಗ್ರಂಥವಾದ ನಾಟ್ಯಶಾಸ್ತ್ರವೇ ಸಂಸ್ಕೃತ, ಪ್ರಾಕೃತಗಳನ್ನು ಹಂಚಿಕೊಟ್ಟಿದೆ. ಅವರು ಒಪ್ಪಿದರು.

ಬಾಯಿಪಾಠಕ್ಕೆ ಕೊಟ್ಟ ಕ್ರಮ ಹೀಗೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಪೆನ್ಸಿಲಿನಿಂದ ಓರೆಗೆರೆ ಎಳೆಯುವುದು. ಪ್ರತಿ ತುಣುಕಿನ ಪಕ್ಕ ಒಂದೇ ಕ್ರಿಯಾಪದ: ಬೇಡುತ್ತಾಳೆ, ಚುಚ್ಚುತ್ತಾಳೆ, ಮುಚ್ಚಿಡುತ್ತಾಳೆ. "ದುಃಖದಿಂದ" ಅಂತ ಬರೆದುಕೊಂಡರೆ ಮಕ್ಕಳು ಮುಖ ಸಪ್ಪೆ ಮಾಡಿ ನಿಲ್ಲುತ್ತಾರೆ; "ಚುಚ್ಚುತ್ತಾಳೆ" ಅಂದರೆ ಎದುರಿನವರಿಗೆ ಏನಾದರೂ ಮಾಡಲೇಬೇಕಾಗುತ್ತದೆ. ಕೊನೆಯ ತುಣುಕಿನಿಂದ ಹಿಂದಕ್ಕೆ ಕಲಿಯುವುದು, ಆಗ ಹೇಳುವಾಗ ಗಟ್ಟಿಯಿರುವ ಕಡೆಗೇ ಸಾಗುತ್ತೇವೆ. ಮೊದಲಿನಿಂದ ಕಲಿತವರಿಗೆ ಆರಂಭ ಮಾತ್ರ ಗಟ್ಟಿ, ಮುಂದೆ ಸಡಿಲ. ಹಾಳೆ ಹತ್ತು ಸಲ ಓದುವ ಬದಲು ಎರಡು ಸಲ ಓದಿ, ಮುಚ್ಚಿ, ನೆನಪಿನಿಂದ ಹೇಳಿ, ತಪ್ಪಿದಲ್ಲಿ ಮಾತ್ರ ತೆರೆದು ನೋಡುವುದು. ರಾತ್ರಿ ಮಲಗುವ ಮುಂಚೆ ಒಂದು ಸಲ, ಬೆಳಗ್ಗೆ ಎದ್ದು ಒಂದು ಸಲ. ಮೊದಲ ದಿನಗಳಲ್ಲಿ ಏರಿಳಿತವಿಲ್ಲದೆ ಚಪ್ಪಟೆಯಾಗಿ ಹೇಳುವುದು. ಒಂದೇ ರಾಗದಲ್ಲಿ ಕಲಿತರೆ ಆ ರಾಗ ಮತ್ತೆ ಬಿಡುವುದಿಲ್ಲ.

ಮಾತು ಮರೆತರೆ? ಇದನ್ನೂ ತಾಲೀಮು ಮಾಡಿಸಿದೆವು, ಬೇಕೆಂದೇ ನಡುವೆ ನಿಲ್ಲಿಸಿ. ಉಸಿರು ಬಿಡು, ಎದುರಿನವರ ಮುಖ ನೋಡು, ಅದೇ ಅರ್ಥವನ್ನು ನಿನ್ನ ಮಾತಿನಲ್ಲಿ ಹೇಳಿ ಮುಂದಕ್ಕೆ ಹೋಗು. "ಸಾರಿ" ಅನ್ನಬೇಡ, ನಾಲಿಗೆ ಕಚ್ಚಬೇಡ, ಹಿಂದಕ್ಕೆ ಹೋಗಬೇಡ. ಹಾಳೆ ಪ್ರೇಕ್ಷಕರ ಕೈಯಲ್ಲಿಲ್ಲ. ಮೂರು ಸೆಕೆಂಡಿನ ಮೌನ ನಟಿಗೆ ಯುಗ, ನೋಡುವವರಿಗೆ ಅಭಿನಯ.

ಮನೆ ಮತ್ತು ಶಾಲೆ

ಅವ್ವನಿಗೆ ಹೇಳಿದ್ದು: ಶನಿವಾರ ಎದ್ದ ಕೂಡಲೇ "ಹೊಟ್ಟಿ ನೋಯ್ತದೇನ?" ಅಂತ ಕೇಳುವುದು ಬಿಡಿ. ನೋವು ಅಂದರೆ ಓಮದ ನೀರು ಕೊಡಿ, ಬೈಯಬೇಡಿ, ಶಾಲೆಗೆ ಕಳಿಸಿ.

ಅಪ್ಪನ ತಕರಾರು ಬೇರೆಯದು. "ನಮ್ಮ ಮನ್ಯಾಗ ಹೆಣ್ಮಕ್ಕಳು ಆಟ ಕುಣಿಯಂಗಿಲ್ರಿ." ಮುತ್ಯಾ ಹರೆಯದಲ್ಲಿ ಬಯಲಾಟದಲ್ಲಿ ಸ್ತ್ರೀವೇಷ ಹಾಕಿದವರು, ಮಗನ ಮಾತಿಗೆ ನಕ್ಕುಬಿಟ್ಟರಂತೆ. ವಾದ ಮಾಡಿ ಗೆಲ್ಲುವ ವಿಷಯವಲ್ಲ ಇದು; ಆ ತಕರಾರಿನ ಒಳಗಿದ್ದ ಚಿಂತೆಗಳನ್ನು ಒಂದೊಂದಾಗಿ ಕೇಳಿದೆವು. ತಾಲೀಮು ಶಾಲೆಯ ವೇಳೆಯಲ್ಲೇ ಮುಗಿಯಬೇಕು, ತಡವಾದರೆ ಮೊದಲೇ ತಿಳಿಸಬೇಕು, ವೇಷ ಏನೆಂದು ಮುಂಚೆ ತೋರಿಸಬೇಕು, ಫೋಟೋ ವಿಡಿಯೋ ಯಾವ ವಾಟ್ಸಾಪ್ ಗುಂಪಿಗೂ ಒಪ್ಪಿಗೆಯಿಲ್ಲದೆ ಹೋಗಬಾರದು. ಶಾಲೆ ಇದನ್ನು ಬರೆದುಕೊಟ್ಟಿತು. ಅಪ್ಪನಿಗೆ ಒಂದು ಕೆಲಸವನ್ನೂ ಕೊಟ್ಟೆವು. ಕಲಬುರಗಿಯಲ್ಲಿ ಸರ್ಕಾರದ ನಾಟಕ ಸಂಸ್ಥೆ ರಂಗಾಯಣ ಇದೆ, ಎಸ್.ಎಂ. ಪಂಡಿತ ರಂಗಮಂದಿರ ಇದೆ. ಮಗಳನ್ನು ಒಂದು ನಾಟಕಕ್ಕೆ ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸಿ, ನಟರು ಎಲ್ಲಿ ತಡವರಿಸಿದರು, ಹೇಗೆ ಸಾವರಿಸಿಕೊಂಡರು ಅಂತ ಇಬ್ಬರೂ ಹುಡುಕಿ ಅಂದೆವು.

ಶಿಕ್ಷಕರಿಗೆ: ಮೊದಲ ನಾಲ್ಕು ವಾರ ಒಂಟಿಯಾಗಿ ಯಾರನ್ನೂ ನಿಲ್ಲಿಸಬೇಡಿ, ವೃತ್ತ ಮತ್ತು ಜೋಡಿ ಆಟ ಸಾಕು. ನಡುವೆ ತಡೆದು ಉಚ್ಚಾರ ತಿದ್ದಬೇಡಿ. ಮುಗಿದ ಮೇಲೆ ಎರಡೇ ಮಾತು, ಒಂದು ಚೆನ್ನಾಗಿದ್ದದ್ದು, ಒಂದು ಬದಲಿಸಬೇಕಾದದ್ದು. ಪಾತ್ರವನ್ನು ನೋಡಿ ನಗಬಹುದು, ಆಡುವವರನ್ನು ನೋಡಿ ನಗುವಂತಿಲ್ಲ ಅನ್ನುವ ನಿಯಮ ಗೋಡೆಗೆ ಬರೆದು ಹಚ್ಚಿ.

ಆದದ್ದು

ಮೂರು ಮೆಟ್ಟಿಲು ಸರಾಗ. ಐದು ಜನರ ಎದುರು ಹಾಳೆ ಹಿಡಿದು ಓದುವಾಗ ಕೈ ನಡುಗಿತು. ಹಾಳೆಯ ಹಿಂದೆ ರಟ್ಟು ಇಟ್ಟುಕೊಂಡರೆ ನಡುಗುವುದು ಕಾಣುವುದಿಲ್ಲ, ಸದ್ದೂ ಇಲ್ಲ. ದೊಡ್ಡ ಹಿನ್ನಡೆ ಆದದ್ದು ಮೈಕಿನಿಂದ. ಸ್ಪೀಕರಿನಲ್ಲಿ ತನ್ನದೇ ದನಿ ಕೇಳಿ ಬೆಚ್ಚಿಬಿದ್ದು ನಿಂತುಬಿಟ್ಟಳು. ಒಂದು ಮೆಟ್ಟಿಲು ಕೆಳಗಿಳಿದು, ಖಾಲಿ ಸಭಾಂಗಣದಲ್ಲಿ ಒಬ್ಬ ಗೆಳತಿಯೊಂದಿಗೆ ಮೈಕಿನಲ್ಲಿ ಬರೀ ಅಂಕಿ ಎಣಿಸಿದಳು. ಮೈಕು ಗದ್ದದ ಮಟ್ಟದಲ್ಲಿ, ಬಾಯಿಗೆ ನಾಲ್ಕು ಬೆರಳು ದೂರ, ಸ್ಪೀಕರಿನ ಎದುರು ನಿಲ್ಲಬಾರದು. ಗ್ಯಾದರಿಂಗ್‌ನಲ್ಲಿ ಸ್ವಗತ ಮಾಡಲಿಲ್ಲ. ಗುಂಪು ನಾಟಕದಲ್ಲಿ ನಾಲ್ಕು ಮಾತಿನ ಪಾತ್ರ ತಾನೇ ಕೇಳಿ ತೆಗೆದುಕೊಂಡಳು. ಒಂದು ಮಾತು ಮರೆತು, ತನ್ನ ಮಾತಿನಲ್ಲಿ ತುಂಬಿದಳು. ಶನಿವಾರದ ನೋವು ಪೂರಾ ಹೋಗಿಲ್ಲ, ಶಾಲೆ ತಪ್ಪುತ್ತಿಲ್ಲ.

ಎಲ್ಲ ಮಕ್ಕಳಿಗೂ ಇಷ್ಟೇ ಸಾಲದು. ಮನೆಯ ಹೊರಗೆ ಎಲ್ಲಿಯೂ ಮಾತಾಡದಿರುವುದು, ಜನರೆದುರಿನ ಅಂಜಿಕೆ ಆರು ತಿಂಗಳು ಮೀರಿ ಊಟ, ಗೆಳೆತನ, ಶಾಲೆಗೂ ಹಬ್ಬುವುದು, ಸಾಯುವ ಮಾತಾಡುವುದು ಕಂಡರೆ ತಡಮಾಡದೆ ಮನೋವೈದ್ಯರಿಗೆ ತೋರಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಕೊನೆಯ ಭೇಟಿಯಲ್ಲಿ ಅಪ್ಪ ಕೇಳಿದ್ದು: ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ನಾಟಕ ಬಿಡಿಸಬಹುದೇ? ಬಿಡಿಸುವುದಾದರೆ ಪರೀಕ್ಷೆ ಹತ್ತಿರ ಬಂದ ಮೇಲೆ, ಜನವರಿಯಿಂದ ಬಿಡಿಸಿ ಅಂದೆವು. ವಾರಕ್ಕೆ ಎರಡು ಪಿರಿಯಡ್ ಓದಿಗೆ ಅಡ್ಡಿಯಲ್ಲ, ಮತ್ತು ಈಗಷ್ಟೇ ಇಳಿದ ಹೆದರಿಕೆ ತರಗತಿ ತಪ್ಪಿಸಿದರೆ ಮರಳಿ ಏರುತ್ತದೆ. ಜೂನ್‌ನಲ್ಲಿ ಮೊದಲ ಶನಿವಾರ ಮೂರನೆಯ ಮೆಟ್ಟಿಲಿನಿಂದ ಶುರುಮಾಡುವುದೆಂದು ಹುಡುಗಿ ತಾನೇ ಬರೆದುಕೊಂಡಳು.