ಬರಹಗಾರರಿಗೆ ಸಲಹೆ: ಖೊರಾನಾ ಲೇಖನದಲ್ಲಿ ಖೊರಾನಾ ಅವರ ಕೆಲಸ ಎಲ್ಲಿದೆ?

ಇಳಕಲ್ಲಿನ ಲೇಖಕರಿಗೆ,

ನಮಸ್ಕಾರಗಳು. ಜೀವರಸಾಯನ ವಿಜ್ಞಾನಿ ಹರಗೋಬಿಂದ ಖೊರಾನಾ ಅವರ ಸಂಶೋಧನಾ ಜೀವನವನ್ನು ಕುರಿತು ನೀವು ಕಳಿಸಿದ ಎಂಟು ಪುಟಗಳ ಲೇಖನವನ್ನು ವಿಜಯಪುರದ ನಮ್ಮ ಕಚೇರಿಯಲ್ಲಿ ಗಮನವಿಟ್ಟು ಓದಿದ್ದೇವೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೆ ಜೀವರಸಾಯನ ವಿಜ್ಞಾನವನ್ನು ಕನ್ನಡದಲ್ಲಿ ಬರೆಯಲು ಮುಂದಾಗುವವರು ನಮ್ಮ ಭಾಗದಲ್ಲಿ ವಿರಳ, ನಿಮ್ಮ ವಾಕ್ಯಗಳೂ ತಿಳಿಯಾಗಿವೆ. ಆದ್ದರಿಂದ ವಿಷಾದದ ಎರಡು ಸಾಲು ಬರೆದು ಕೈತೊಳೆದುಕೊಳ್ಳದೆ, ಕೊರತೆ ಎಲ್ಲಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತಿದ್ದೇನೆ.

ಲೇಖನದ ಅರ್ಧದಷ್ಟು ಭಾಗ ಬಾಲ್ಯಕ್ಕೆ ಹೋಗಿದೆ: ಪಂಜಾಬಿನ ರಾಯಪುರ ಎಂಬ ಪುಟ್ಟ ಹಳ್ಳಿ, ಪಟವಾರಿಯಾಗಿದ್ದ (ಹಳ್ಳಿಯ ಕಂದಾಯದ ಲೆಕ್ಕ ನೋಡುವ) ತಂದೆ, ಮರದ ಕೆಳಗಿನ ಪಾಠ. ಕೊನೆಯ ಎರಡು ಪುಟಗಳಲ್ಲಿ ಪ್ರಶಸ್ತಿಗಳ ಪಟ್ಟಿಯಿದೆ. ನಡುವೆ ಉಳಿದ ಜಾಗದಲ್ಲಿ 'ಅವರು ಟಿಆರ್‌ಎನ್‌ಎ ಮತ್ತು ಕಿಣ್ವಗಳ ಕುರಿತು ಮಹತ್ವದ ಸಂಶೋಧನೆ ನಡೆಸಿದರು' ಎಂಬ ವಾಕ್ಯ ಬೇರೆ ಬೇರೆ ವೇಷದಲ್ಲಿ ನಾಲ್ಕು ಸಲ ಬರುತ್ತದೆ. ಪ್ರೋಟೀನಿನ ಘಟಕಗಳಾದ ಅಮೈನೊ ಆಮ್ಲಗಳನ್ನು ಹೊತ್ತು ತರುವ ಪುಟ್ಟ ಆರ್‌ಎನ್‌ಎ ಅಣುವೇ ಟಿಆರ್‌ಎನ್‌ಎ ಎಂಬುದನ್ನೂ ಹೇಳಿಲ್ಲ. ಯಾವ ಸಂಶೋಧನೆ, ಅದನ್ನೇ ಏಕೆ ಆರಿಸಿಕೊಂಡರು, ಹೇಗೆ ಮಾಡಿದರು ಎಂಬುದಕ್ಕೆ ಒಂದು ಸಾಲಿನ ಉತ್ತರವೂ ಇಲ್ಲ. ಬಡತನದಿಂದ ಬಂದ ಪ್ರತಿಭಾವಂತರ ಕಥೆಗಳನ್ನು ನಮ್ಮ ಓದುಗರು ಸಾಕಷ್ಟು ಓದಿದ್ದಾರೆ. ಖೊರಾನಾ ಅವರನ್ನು ಬೇರೆಯವರಿಂದ ಬೇರೆಯಾಗಿ ನಿಲ್ಲಿಸುವುದು ಅವರ ಕೆಲಸ. ಅದೇ ಲೇಖನದ ಒಡಲಾಗಬೇಕು. ಬಾಲ್ಯಕ್ಕೆ ಒಂದು ಪ್ಯಾರಾ ಸಾಕು.

ಮೊದಲು ತಿದ್ದಲೇಬೇಕಾದ ಒಂದು ತಪ್ಪು. ಕೃತಕ ಜೀನ್ (ವಂಶವಾಹಿ) ತಯಾರಿಸಿದ್ದಕ್ಕಾಗಿ ಅವರಿಗೆ ನೊಬೆಲ್ ಬಂತು ಎಂದು ಬರೆದಿದ್ದೀರಿ. ನೊಬೆಲ್ ಬಂದದ್ದು 1968ರಲ್ಲಿ, ರಾಬರ್ಟ್ ಹಾಲಿ ಮತ್ತು ಮಾರ್ಷಲ್ ನಿರೆನ್‌ಬರ್ಗ್ ಅವರೊಂದಿಗೆ ಹಂಚಿಕೊಂಡು. ಅದು ಜೆನೆಟಿಕ್ ಕೋಡ್‌ನ, ಅಂದರೆ ಜೀನಿನ ಬರಹ ಪ್ರೋಟೀನ್ ಆಗುವ ಸಂಕೇತ ಭಾಷೆಯ, ಅರ್ಥವನ್ನು ಬಿಡಿಸಿದ ಕೆಲಸಕ್ಕೆ ಸಂದದ್ದು. ಜೀನ್ ಸಿದ್ಧವಾದ ಸುದ್ದಿ ಹೊರಬಿದ್ದದ್ದು 1970ರಲ್ಲಿ. ಇದನ್ನು ಇಸವಿಯ ಸಣ್ಣ ದೋಷವೆಂದು ಬಿಡುವಂತಿಲ್ಲ, ಏಕೆಂದರೆ ಕ್ರಮ ತಪ್ಪಿದ ಕೂಡಲೇ ಒಂದು ಕೆಲಸ ಮುಂದಿನದಕ್ಕೆ ಹೇಗೆ ದಾರಿ ಮಾಡಿತು ಎಂಬುದೇ ಮರೆಯಾಗುತ್ತದೆ.

ಆ ಕ್ರಮವನ್ನು ಒಮ್ಮೆ ನೋಡಿ. 1952ರಲ್ಲಿ ವ್ಯಾಂಕೂವರ್‌ಗೆ ಹೋದ ಖೊರಾನಾ ಮೂಲತಃ ಸಾವಯವ ರಸಾಯನ ವಿಜ್ಞಾನಿ. ಡಿಎನ್‌ಎ, ಆರ್‌ಎನ್‌ಎಗಳ ಘಟಕಗಳಾದ ನ್ಯೂಕ್ಲಿಯೊಟೈಡ್‌ಗಳನ್ನು ಒಂದಕ್ಕೊಂದು ಕೂಡಿಸುವ ರಾಸಾಯನಿಕ ವಿಧಾನ ಅವರ ಕೈಯಲ್ಲಿತ್ತು. ಆದರೆ ಆ ವಿಧಾನದಿಂದ ಸಿಗುತ್ತಿದ್ದದ್ದು ಚಿಕ್ಕ ತುಣುಕುಗಳು ಮಾತ್ರ. 1960ರಲ್ಲಿ ವಿಸ್ಕಾನ್ಸಿನ್‌ನ ಕಿಣ್ವ ಸಂಶೋಧನಾ ಸಂಸ್ಥೆಗೆ ಬಂದ ಮೇಲೆ ಅವರು ಮಾಡಿದ ಜಾಣತನವೆಂದರೆ, ರಸಾಯನಶಾಸ್ತ್ರ ನಿಲ್ಲುವ ಜಾಗದಲ್ಲಿ ಕಿಣ್ವವನ್ನು ಕೆಲಸಕ್ಕೆ ಹಚ್ಚಿದ್ದು. ಎರಡು ಬೇಸ್‌ಗಳು (ನ್ಯೂಕ್ಲಿಯೊಟೈಡ್‌ಗಳಲ್ಲಿ ಅಕ್ಷರಗಳಂತಿರುವ ಭಾಗಗಳು) ಸರದಿಯಂತೆ ಮರುಕಳಿಸುವ ಚಿಕ್ಕ ಡಿಎನ್‌ಎ ತುಣುಕನ್ನು ರಾಸಾಯನಿಕವಾಗಿ ಕಟ್ಟಿ, ಡಿಎನ್‌ಎ ಪಾಲಿಮರೇಸ್ ಎಂಬ ಕಿಣ್ವದಿಂದ ಅದನ್ನು ಉದ್ದವಾಗಿ ಬೆಳೆಸಿ, ಆರ್‌ಎನ್‌ಎ ಪಾಲಿಮರೇಸ್‌ನಿಂದ ಅದರ ಆರ್‌ಎನ್‌ಎ ಪ್ರತಿ ತೆಗೆದು, ಬ್ಯಾಕ್ಟೀರಿಯಾದ ಸಾರಕ್ಕೆ ಸೇರಿಸಿದರು. ಯು-ಸಿ-ಯು-ಸಿ ಎಂದು ಸಾಗುವ ಆರ್‌ಎನ್‌ಎಯಿಂದ ಸೆರಿನ್ ಮತ್ತು ಲ್ಯೂಸಿನ್ ಎಂಬ ಅಮೈನೊ ಆಮ್ಲಗಳು ಒಂದಾದ ಮೇಲೊಂದು ಬರುವ ಸರಪಳಿ ಸಿಕ್ಕಿತು. ಒಂದು ಅಮೈನೊ ಆಮ್ಲವನ್ನು ಸೂಚಿಸುವ ಕೋಡಾನ್‌ಗೆ ಎರಡೇ ಬೇಸ್‌ಗಳಿದ್ದರೆ ಒಂದೇ ಅಮೈನೊ ಆಮ್ಲ ಬರಬೇಕಿತ್ತು. ಎರಡು ಬಂದದ್ದರಿಂದ ಮೂರರ ಲೆಕ್ಕಕ್ಕೆ ಬಲ ಬಂತು. ಆದರೆ ಯುಸಿಯು ಸೆರಿನ್‌ನದೋ ಲ್ಯೂಸಿನ್‌ನದೋ ಎಂಬುದು ಇಷ್ಟರಿಂದಲೇ ತಿಳಿಯುವುದಿಲ್ಲ. ಅದನ್ನು ತಿಳಿಸಿದ್ದು ಟಿಆರ್‌ಎನ್‌ಎ. ಮೂರೇ ನ್ಯೂಕ್ಲಿಯೊಟೈಡ್‌ಗಳ ತುಣುಕು ಕೂಡ ತನಗೆ ಹೊಂದುವ ಟಿಆರ್‌ಎನ್‌ಎಯನ್ನು, ಅದು ಹೊತ್ತ ಅಮೈನೊ ಆಮ್ಲದ ಸಮೇತ, ಪ್ರೋಟೀನ್ ಕಟ್ಟುವ ರೈಬೋಸೋಮ್‌ಗೆ ಹಿಡಿದಿಡುತ್ತದೆ ಎಂದು ನಿರೆನ್‌ಬರ್ಗ್ ಮತ್ತು ಲೆಡರ್ 1964ರಲ್ಲಿ ತೋರಿಸಿದರು. ಖೊರಾನಾ ಅವರ ಪ್ರಯೋಗಾಲಯ 64 ತ್ರಿವಳಿಗಳನ್ನೂ ರಾಸಾಯನಿಕವಾಗಿ ತಯಾರಿಸಿತು. ಈ ಒಂದು ಪ್ರಯೋಗವನ್ನು ನೀವು ಒಂದೂವರೆ ಪುಟದಷ್ಟು ನಿಧಾನವಾಗಿ ಬಿಡಿಸಿ ಬರೆದರೂ ನಮಗೆ ಅಭ್ಯಂತರವಿಲ್ಲ.

ಮುಂದಿನ ಪ್ರಶ್ನೆ: ಜೀನ್ ಕಟ್ಟಲು ಹೊರಟಾಗ ಯೀಸ್ಟಿನ ಅಲನಿನ್ ಟಿಆರ್‌ಎನ್‌ಎ (ಅಲನಿನ್ ಎಂಬ ಅಮೈನೊ ಆಮ್ಲವನ್ನು ಹೊರುವ ಟಿಆರ್‌ಎನ್‌ಎ) ಜೀನನ್ನೇ ಏಕೆ ಹಿಡಿದರು? ನಿಮ್ಮ ಲೇಖನ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಉತ್ತರ ರಾಬರ್ಟ್ ಹಾಲಿಯವರ ಕೆಲಸದಲ್ಲಿದೆ. ಅವರು ಬೇಕರಿಯ ಯೀಸ್ಟಿನ ರಾಶಿಯಿಂದ ಒಂದು ಗ್ರಾಂನಷ್ಟು ಶುದ್ಧ ಅಲನಿನ್ ಟಿಆರ್‌ಎನ್‌ಎ ಬೇರ್ಪಡಿಸಿ, ಬೇರೆ ಬೇರೆ ಜಾಗದಲ್ಲಿ ಕತ್ತರಿಸುವ ಎರಡು ಕಿಣ್ವಗಳಿಂದ ತುಂಡರಿಸಿ, ಆ ತುಂಡುಗಳನ್ನು ಹೊಂದಿಸಿ ನೋಡಿ, 77 ನ್ಯೂಕ್ಲಿಯೊಟೈಡ್‌ಗಳ ಪೂರ್ಣ ಅನುಕ್ರಮವನ್ನು 1965ರಲ್ಲಿ ಪ್ರಕಟಿಸಿದರು. ಹೀಗೆ ಪೂರ್ತಿ ಓದಲಾದ ಮೊದಲ ನ್ಯೂಕ್ಲಿಯಿಕ್ ಆಮ್ಲ ಅದು. ಆರ್‌ಎನ್‌ಎಯ ಅನುಕ್ರಮ ತಿಳಿದರೆ ಅದರ ಜೀನಿನ ಅನುಕ್ರಮವನ್ನು ಬೇಸ್‌ಗಳು ಗೊತ್ತಾದ ಜೋಡಿಯಾಗಿಯೇ ಸೇರುವ ನಿಯಮದಿಂದ ಬರೆದುಕೊಳ್ಳಬಹುದು. ಕಟ್ಟಲು ಬೇಕಾದ ನಕ್ಷೆ ಇದ್ದದ್ದು ಅದೊಂದಕ್ಕೇ ಎಂಬ ಈ ಸರಳ ಕಾರಣ ಓದುಗರಿಗೆ ತಿಳಿದಾಗ ಆಯ್ಕೆಯ ಹಿಂದಿನ ವಿವೇಕ ಕಾಣುತ್ತದೆ.

ಕಟ್ಟಿದ ಬಗೆಯನ್ನು ವಿವರಿಸಲು ನಿಮಗೆ ದೂರ ಹೋಗಬೇಕಾಗಿಲ್ಲ. ನಿಮ್ಮೂರಿನ ಮಗ್ಗದಲ್ಲಿ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಸಿದ್ಧಪಡಿಸಿ, ಕುಣಿಕೆ ಕುಣಿಕೆಯಾಗಿ ಸೇರಿಸಿ ನೇಯುವುದನ್ನು ನೀವು ನೋಡಿಯೇ ಇರುತ್ತೀರಿ. ಖೊರಾನಾ ತಂಡವೂ ಇಡೀ ಎಳೆಯನ್ನು ಒಂದೇ ಬಾರಿಗೆ ತಯಾರಿಸಲಿಲ್ಲ. ಎದುರುಬದುರಿನ ಎಳೆಗಳಲ್ಲಿ ಒಂದರ ಮೇಲೊಂದು ಚಾಚಿಕೊಳ್ಳುವ ಚಿಕ್ಕ ತುಣುಕುಗಳನ್ನು ಕಟ್ಟಿ, ಬೇಸ್‌ಗಳ ಜೋಡಿಯ ಬಲದಿಂದಲೇ ಅವು ಹೊಂದಿ ನಿಲ್ಲುವಂತೆ ಮಾಡಿ, ನಡುವಿನ ಬಿರುಕುಗಳನ್ನು ಲೈಗೇಸ್ ಎಂಬ ಕಿಣ್ವದಿಂದ ಬೆಸೆಯಿತು. ಆ ಕಿಣ್ವ ಪತ್ತೆಯಾದದ್ದು 1967ರಲ್ಲಿ. ಕೆಲಸ ಅದಕ್ಕಾಗಿಯೇ ಕಾದಿತ್ತು ಎಂದರೂ ತಪ್ಪಾಗದು.

ಅಲ್ಲಿಗೆ ಯಶಸ್ಸಿನ ಕಥೆ ಮುಗಿಯಿತೆಂದು ನೀವು ಭಾವಿಸಿದ್ದೀರಿ. ವಾಸ್ತವದಲ್ಲಿ ಆ 77 ಜೋಡಿಗಳ ಜೀನಿಗೆ ಆರಂಭದ ಮತ್ತು ಅಂತ್ಯದ ಸಂಕೇತಗಳಿರಲಿಲ್ಲ. ಅದು ಜೀವಕೋಶದಲ್ಲಿ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುವ ದಾರಿಯೂ ಇರಲಿಲ್ಲ. ಅಮೆರಿಕದ ಎಂಐಟಿ ಸಂಸ್ಥೆಗೆ ಹೋದ ಖೊರಾನಾ ಮತ್ತೊಂದು ಟಿಆರ್‌ಎನ್‌ಎ ಜೀನಿಗೆ ಕೈಹಾಕಿದರು: ಇ-ಕೋಲಿ ಬ್ಯಾಕ್ಟೀರಿಯಾದ ಟೈರೋಸಿನ್ ಸಪ್ರೆಸರ್. ಯುಎಜಿ ಎಂಬ ನಿಲುಗಡೆ ಸಂಕೇತ ಎದುರಾದಲ್ಲಿ ನಿಲ್ಲದೆ ಟೈರೋಸಿನ್ ಸೇರಿಸಿ ಮುಂದೆ ಸಾಗಿಸುವ ಟಿಆರ್‌ಎನ್‌ಎ ಅದು. ಜೀನಿನ ನಡುವೆ ಅಂಥ ನಿಲುಗಡೆ ಬಿದ್ದು ಬೆಳೆಯಲಾರದ ಬ್ಯಾಕ್ಟೀರಿಯಾ ವೈರಸ್ ಈ ಟಿಆರ್‌ಎನ್‌ಎ ಇದ್ದರೆ ಬೆಳೆಯುತ್ತದೆ. ಹೀಗಾಗಿ ಕಟ್ಟಿದ ಜೀನ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ. ಸಂಕೇತಗಳೂ ಸೇರಿ 207 ಜೋಡಿಗಳ ಆ ಜೀನ್ ಜೀವಂತ ಕೋಶದಲ್ಲಿ ಕೆಲಸ ಮಾಡಿತೆಂದು 1976ರಲ್ಲಿ ಪ್ರಕಟಿಸಿದರು. ನೊಬೆಲ್ ಬಂದ ಎಂಟು ವರ್ಷಗಳ ಬಳಿಕ ಮುಟ್ಟಿದ ಈ ಗುರಿ ನಿಮ್ಮ ಬರಹದಲ್ಲಿ ಇಲ್ಲವೇ ಇಲ್ಲ, ಅದು ನನಗೆ ಬಹಳ ಬೇಸರ ತಂದ ಸಂಗತಿ.

'ಏಕಾಂಗಿಯಾಗಿ' ಎಂಬ ಪದವನ್ನು ದಯವಿಟ್ಟು ತೆಗೆಯಿರಿ. 1970ರ ಪ್ರಬಂಧದಲ್ಲಿ ಹದಿಮೂರು ಹೆಸರುಗಳಿವೆ, ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿ. ಖೊರಾನಾ ಅವರದು ಐದನೆಯದು. ಅವರಲ್ಲಿ ಕಠ್ಮಂಡುವಿನಲ್ಲಿ ಹುಟ್ಟಿದ ಉತ್ತಮ್ ರಾಜ್‌ಭಂಡಾರಿ ಮುಂದೆ ಪ್ರೋಟೀನ್ ತಯಾರಿಕೆಯನ್ನು ಆರಂಭಿಸುವ ಟಿಆರ್‌ಎನ್‌ಎಯನ್ನೇ ದೀರ್ಘಕಾಲ ಅಧ್ಯಯನ ಮಾಡಿದರು. ಮಾರ್ವಿನ್ ಕ್ಯಾರುಥರ್ಸ್ ಡಿಎನ್‌ಎಯನ್ನು ಯಂತ್ರದಿಂದ ಕಟ್ಟುವ ಇಂದಿನ ವಿಧಾನಕ್ಕೆ ಅಡಿಪಾಯ ಹಾಕಿದರು.

ಇನ್ನೊಂದು ಕಡೆ 'ಕಿಣ್ವವು ಸರಿಯಾದ ಅಮೈನೊ ಆಮ್ಲವನ್ನು ಟಿಆರ್‌ಎನ್‌ಎಗೆ ಜೋಡಿಸುತ್ತದೆ' ಎಂದು ಹೇಳಿ ಮುಂದೆ ಓಡಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು. 1962ರಲ್ಲಿ ಲಿಪ್‌ಮನ್, ಬೆಂಜರ್ ಮತ್ತು ಸಂಗಡಿಗರು ಟಿಆರ್‌ಎನ್‌ಎಗೆ ಅಂಟಿದ ಸಿಸ್ಟೀನಿನ ಗಂಧಕವನ್ನು ತೆಗೆದು ಅದನ್ನು ಅಲನಿನ್ ಆಗಿಸಿದಾಗ, ಆ ಅಲನಿನ್ ಸಿಸ್ಟೀನಿನ ಜಾಗದಲ್ಲಿಯೇ ಹೋಗಿ ಕೂತಿತು. ಅಂದರೆ ರೈಬೋಸೋಮ್ ಹೊರೆಯನ್ನು ತಪಾಸಿಸುವುದಿಲ್ಲ, ಜೋಡಿಸುವ ಕಿಣ್ವ ತಪ್ಪಿದರೆ ಪ್ರೋಟೀನೇ ತಪ್ಪುತ್ತದೆ. ಐಸೊಲ್ಯೂಸಿನ್ ಮತ್ತು ವ್ಯಾಲಿನ್ ನಡುವಿನ ಅಂತರ ಒಂದು ಇಂಗಾಲ, ಎರಡು ಜಲಜನಕ ಮಾತ್ರ. ಐಸೊಲ್ಯೂಸಿನ್ ಜೋಡಿಸುವ ಕಿಣ್ವ ತಪ್ಪಿ ಹಿಡಿದ ವ್ಯಾಲಿನನ್ನು ತಾನೇ ಕಳಚಿ ಹಾಕುತ್ತದೆ. ನಿಮ್ಮ ಹುನಗುಂದದ ಔಷಧ ಅಂಗಡಿಯಲ್ಲಿಯೂ ಸಿಗುವ ಮ್ಯುಪಿರೊಸಿನ್ ಮುಲಾಮು ಬ್ಯಾಕ್ಟೀರಿಯಾದ ಇದೇ ಕಿಣ್ವವನ್ನು ತಡೆದು ಚರ್ಮದ ಸೋಂಕನ್ನು ಗುಣಪಡಿಸುತ್ತದೆ. ಇದು ಖೊರಾನಾ ಅವರ ಸ್ವಂತ ಕೆಲಸವಲ್ಲ, ಆದರೂ ಟಿಆರ್‌ಎನ್‌ಎ ಏಕೆ ಒಂದು ಜೀವಮಾನದ ಶ್ರಮಕ್ಕೆ ಅರ್ಹವಾದ ಅಣು ಎಂಬುದನ್ನು ಪದವಿ ತರಗತಿಯ ಓದುಗನಿಗೆ ಮನಗಾಣಿಸಲು ಬೇಕು.

ಪ್ರಶಸ್ತಿಗಳನ್ನು ಒಂದು ವಾಕ್ಯಕ್ಕೆ ಇಳಿಸಿ. ಪೂರ್ತಿ ಹೊಸದಾಗಿ ಬರೆದ ಪ್ರತಿಯನ್ನು, ಅಲನಿನ್ ಟಿಆರ್‌ಎನ್‌ಎಯ ಮೂರೆಲೆ ಆಕಾರದ ನಿಮ್ಮ ಕೈಬರಹದ ಚಿತ್ರವೊಂದನ್ನು ಸೇರಿಸಿ ಕಳಿಸಿ. ಅಮೈನೊ ಆಮ್ಲ ಅಂಟುವ ತುದಿಯನ್ನೂ ಕೋಡಾನ್ ಜೊತೆ ಜೋಡಿಯಾಗುವ ಆಂಟಿಕೋಡಾನನ್ನೂ ಚಿತ್ರದಲ್ಲಿ ಗುರುತಿಸಿರಬೇಕು. ಬಂದ ಕೂಡಲೇ ಓದುತ್ತೇನೆ.

ಸಂಪಾದಕ
ವಿಜಯಪುರ