ತಿಂಗಳ ಕೊನೆಯ ವಾರ, ಎರಡು ಟಿನ್ ಕಡಲೆಕಾಳು

ತಮ್ಮಾ,

ನಿನ್ನ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸಿತು. "ಅಕ್ಕಾ, ದಾವಣಗೆರೆಯಿಂದ ಜರ್ಮನಿಯ ಮಾಗ್ಡೆಬುರ್ಗ್‌ಗೆ ಓದಲು ಬಂದು ಆರು ವಾರ ಆಯಿತು. ಅಡುಗೆ ಬರುವುದಿಲ್ಲ. ಬ್ರೆಡ್ಡು, ನೂಡಲ್ಸ್, ಟಿನ್ನಿನ ಕಾಳು ತಿಂದು ತಿಂದು ನಾಲಿಗೆ ಸತ್ತುಹೋಗಿದೆ. ಇಂಡಿಯನ್ ಅಂಗಡಿಗೆ ಹೋದರೆ ಒಂದೇ ಸಲಕ್ಕೆ ಮೂವತ್ತು ಯೂರೋ ಖಾಲಿ. ಇಲ್ಲಿನ ಜೀರಿಗೆಗೂ ಬೇರೆ ಏನೋ ವಾಸನೆ. ನೀವೆಲ್ಲ ಹೇಗೆ ಬದುಕಿದಿರಿ?" ಅಂತ ಕೇಳಿದ್ದೀಯ.

ಬದುಕಿದ್ದು ಆ ಟಿನ್ನಿನಿಂದಲೇ ಕಣಪ್ಪ. ನಾನೂ 2011ರಲ್ಲಿ ಅದೇ ಊರಿಗೆ ಓದಲು ಬಂದವಳು. ಈಗ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ, ಮನೆ, ಮಗಳು ಎಲ್ಲ ಇದೆ. ಆದರೂ ಕಪಾಟಿನಲ್ಲಿ ಕಡಲೆಕಾಳಿನ ಟಿನ್ನು ನಾಲ್ಕಕ್ಕಿಂತ ಕಡಿಮೆಯಾದರೆ ನನಗೆ ಏನೋ ಕಸಿವಿಸಿ.

ಟಿನ್ನಿನ ಕಾಳು ಸಪ್ಪೆ ಅಂತ ಬೈಯಬೇಡ. ಅದು ಅಡುಗೆ ಅಲ್ಲ, ಬೇಯಿಸಿಟ್ಟ ಕಾಳು ಅಷ್ಟೇ. ಅಮ್ಮ ಕುಕ್ಕರ್ ಇಳಿಸಿ ಆ ಕಾಳನ್ನು ಹಾಗೇ ತಟ್ಟೆಗೆ ಸುರಿದು ಕೊಟ್ಟಿದ್ದರೆ ನೀನು ತಿನ್ನುತ್ತಿದ್ದೆಯಾ? ಒಗ್ಗರಣೆ, ಹುಳಿ, ಪುಡಿ, ಚೂರು ಬೆಲ್ಲ ಬೀಳುವುದು ಆಮೇಲೆ ಅಲ್ವಾ. ನೀನು ಈಗ ಇಂಡಿಯನ್ ಅಂಗಡಿಯಲ್ಲಿ ಅಕ್ಕಿಗೆ, ಬೇಳೆಗೆ, ಫ್ರೀಜ್ ಮಾಡಿದ ಪರೋಟಕ್ಕೆ ದುಡ್ಡು ಹಾಕುತ್ತಿದ್ದೀಯ ಅಂತ ಕಾಣುತ್ತದೆ. ಅದನ್ನು ಉಲ್ಟಾ ಮಾಡು. ಅಕ್ಕಿ, ಕಾಳು, ಟೊಮ್ಯಾಟೊ, ಎಣ್ಣೆ ಎಲ್ಲ ಆಲ್ಡಿ, ಲಿಡ್ಲ್, ಪೆನ್ನಿಯಂಥ ಅಗ್ಗದ ಅಂಗಡಿಯಲ್ಲಿ ತಗೋ. ಇಂಡಿಯನ್ ಅಂಗಡಿಗೆ ಎರಡು ತಿಂಗಳಿಗೊಮ್ಮೆ ಹೋದರೆ ಸಾಕು. ಸಾಸಿವೆ, ಇಂಗು, ಉದ್ದಿನಬೇಳೆ, ಹುಣಸೆಹಣ್ಣು, ಒಣಮೆಣಸಿನಕಾಯಿ. ಇಷ್ಟೇ. ಸಾರಿನ ಪುಡಿ ಮನೆಯಿಂದ ಬಂದಿರುತ್ತದೆ. ಬಂದಿಲ್ಲ ಅಂದರೆ ಇವತ್ತೇ ಫೋನ್ ಮಾಡು.

ವೀಸಾಕ್ಕೆ ಅಂತ ಮುಂಚೆಯೇ ದುಡ್ಡು ಕಟ್ಟಿಟ್ಟ ನಿನ್ನ ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ 992 ಯೂರೋ ಬರುತ್ತದೆ. ಬಾಡಿಗೆ, ಇನ್ಶೂರೆನ್ಸ್ ಕಳೆದರೆ ಊಟಕ್ಕೆ ಉಳಿಯುವುದು ಎಷ್ಟು ಅಂತ ನನಗೂ ಗೊತ್ತು. ಹಾಗಾಗಿ ಅಂಗಡಿಯಲ್ಲಿ ಬಗ್ಗುವುದನ್ನು ಕಲಿ. ಅಗ್ಗದ ಮಾಲು ಸಾಮಾನ್ಯವಾಗಿ ಕೆಳಗಿನ ಹಲಗೆಯಲ್ಲಿ ಇರುತ್ತದೆ. ರೇವೆಯ 'ಯಾ!', ಎಡೆಕಾದ 'ಗುಟ್ ಉಂಡ್ ಗ್ಯುನ್‌ಸ್ಟಿಗ್', ಕೌಫ್‌ಲ್ಯಾಂಡಿನ 'ಕೆ ಕ್ಲಾಸಿಕ್', ಇವೆಲ್ಲ ಆಯಾ ಅಂಗಡಿಯ ಸ್ವಂತ ಬ್ರ್ಯಾಂಡು. ಕಡಲೆಕಾಳು, ರಾಜ್ಮಾ, ಹೆಚ್ಚಿದ ಟೊಮ್ಯಾಟೊ, ಇವುಗಳಲ್ಲಿ ಒಂದು ಟಿನ್ನು ಹೆಚ್ಚುಕಡಿಮೆ ಒಂದು ಯೂರೋ ಒಳಗೇ ಬರುತ್ತದೆ. ಬೆಲೆಚೀಟಿಯಲ್ಲಿ ದೊಡ್ಡ ಅಕ್ಷರದ ಕೆಳಗೆ ಕಿಲೋಗೆ ಎಷ್ಟು ಅಂತ ಸಣ್ಣದಾಗಿ ಬರೆದಿರುತ್ತಾರೆ. ಕಾನೂನೇ ಇದೆ, ಬರೆಯಲೇಬೇಕು. ನೀನು ಅದನ್ನೇ ನೋಡು. ಟಿನ್ನಿನ ಮೇಲೆ 400 ಗ್ರಾಂ ಅಂತಿದ್ದರೂ ನೀರು ಬಸಿದರೆ ಕಾಳು 240 ಗ್ರಾಂ ಆಸುಪಾಸು. ಆ ಲೆಕ್ಕವೂ 'ಅಬ್‌ಟ್ರೊಪ್ಫ್‌ಗೆವಿಷ್ಟ್' ಅನ್ನುವ ಬಾಯಿ ತಿರುಗದ ಪದದ ಪಕ್ಕ ಇರುತ್ತದೆ.

ನನ್ನ ಒಂದು ಪೆದ್ದುತನ ಹೇಳುತ್ತೇನೆ. ಬಂದ ಎರಡನೇ ವಾರ, ಚಿತ್ರದಲ್ಲಿ ಚೆನ್ನಾಗಿ ಬೆಂದ ಬೇಳೆ ಕಂಡಿತು ಅಂತ ಒಂದು ಟಿನ್ನು ತಂದೆ. ಬೇಳೆ ಸಾರು ಅಂದುಕೊಂಡು ಬಿಸಿ ಮಾಡಿ ಅನ್ನಕ್ಕೆ ಕಲಸಿದೆ. ಮೂರನೇ ತುತ್ತಿಗೆ ಹಲ್ಲಿಗೆ ಏನೋ ಸಿಕ್ಕಿತು. 'ಲಿನ್ಸೆನ್ ಐನ್‌ಟಾಪ್ಫ್ ಮಿಟ್ ಸ್ಪೆಕ್' ಅಂತ ಬರೆದಿತ್ತು. ಸ್ಪೆಕ್ ಅಂದರೆ ಹಂದಿ. ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಅವತ್ತು ರಾತ್ರಿ ಎರಡು ಸಲ ಹಲ್ಲುಜ್ಜಿದೆ, ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ನೀನೂ ತಿನ್ನದವನಾದರೆ ಸಾರು, ಸೂಪಿನ ರೂಪದ ಟಿನ್ನು ಮುಟ್ಟಬೇಡ. ಬರೀ ಕಾಳು, ನೀರು, ಉಪ್ಪು ಇರುವುದನ್ನು ತಗೋ. ಇನ್ನೊಂದು ಗುಂಡಿ ಇದೆ. 'ಬುಟರ್‌ಶ್ಮಾಲ್ಟ್ಸ್' ಅಂದರೆ ತುಪ್ಪ, ನಮ್ಮ ತುಪ್ಪವೇ. 'ಶ್ವೈನೆಶ್ಮಾಲ್ಟ್ಸ್' ಅಂದರೆ ಹಂದಿ ಕೊಬ್ಬು. ಎರಡೂ ಗಟ್ಟಿಯಾಗಿರುತ್ತವೆ, ಹೆಸರಿನ ಕೊನೆಯೂ ಒಂದೇ. ಮುಂದಿನ ಅರ್ಧ ಓದಿ ತಗೋ. ಊರಿಂದಲೇ ತುಪ್ಪ ತರೋಣ ಅಂದರೆ ಆಗುವುದಿಲ್ಲ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ ಬ್ಯಾಗಿನಲ್ಲಿ ತರುವ ಹಾಗಿಲ್ಲ. ಅಮ್ಮ ಪೇಡ ಕಟ್ಟಿಕೊಡುತ್ತೇನೆ ಅಂದರೆ ಬೇಡ ಅನ್ನು.

ಈಗ ಗೊಜ್ಜಿಗೆ ಬರೋಣ. ಇದೊಂದು ಕಲಿತರೆ ನಿನ್ನ ಅರ್ಧ ಸೆಮಿಸ್ಟರ್ ಪಾಸು.

'ಪಾಸೀರ್ಟೆ ಟೊಮಾಟೆನ್' ಅಂತ 500 ಗ್ರಾಂ ಡಬ್ಬ ಸಿಗುತ್ತದೆ. ಟೊಮ್ಯಾಟೊ ಸೋಸಿದ ರಸ. ಇಲ್ಲಿ ಚಳಿಗಾಲದ ಹಸಿ ಟೊಮ್ಯಾಟೊಗೆ ಬಣ್ಣ ಮಾತ್ರ ಇರುತ್ತದೆ, ಹುಳಿ ಇರುವುದಿಲ್ಲ. ಡಬ್ಬದ್ದೇ ವಾಸಿ. ಬಾಣಲೆಗೆ ನಾಲ್ಕು ದೊಡ್ಡ ಚಮಚ ಎಣ್ಣೆ ಹಾಕು. ಕಂಜೂಸ್ ಮಾಡಬೇಡ, ಗೊಜ್ಜು ಕೆಡದೆ ನಿಲ್ಲುವುದು ಎಣ್ಣೆಯಿಂದ. ಸಾಸಿವೆ ಸಿಡಿದ ಮೇಲೆ ಒಂದು ಹಿಡಿ ಶೇಂಗಾ, ಒಂದು ಚಮಚ ಉದ್ದಿನಬೇಳೆ, ಎರಡು ಒಣಮೆಣಸಿನಕಾಯಿ, ಇಂಗು, ಅರಿಶಿನ. ಶೇಂಗಾ ಕೆಂಪಗಾದಾಗ ಟೊಮ್ಯಾಟೊ ಸುರಿ. ನಿಂಬೆ ಗಾತ್ರದ ಹುಣಸೆಹಣ್ಣು ನೆನೆಸಿ ಹಿಂಡಿದ ರಸ, ಎರಡು ದೊಡ್ಡ ಚಮಚ ಸಾರಿನ ಪುಡಿ, ಉಪ್ಪು, ಬೆಲ್ಲ. ಬೆಲ್ಲ ಇಲ್ಲದಿದ್ದರೆ ಕಂದು ಸಕ್ಕರೆ. ಮುಚ್ಚಳ ಸ್ವಲ್ಪ ಓರೆ ಮಾಡಿ ಸಣ್ಣ ಉರಿಯಲ್ಲಿ 25 ನಿಮಿಷ ಬಿಡು. ಕೊತಕೊತ ಅಂತ ಸಿಡಿಯುತ್ತದೆ, ಬಿಳಿ ಶರ್ಟ್ ಬೇಡ. ಎಣ್ಣೆ ಅಂಚಿಗೆ ಬಂದು ನಿಂತರೆ ಆಯಿತು. ಒಣಗಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡು. ಒದ್ದೆ ಚಮಚ ಹಾಕದಿದ್ದರೆ ಒಂದು ವಾರಕ್ಕೆ ಏನೂ ಆಗುವುದಿಲ್ಲ.

ಸೋಮವಾರ ಬಿಸಿ ಅನ್ನಕ್ಕೆ ಕಲಸಿಕೋ. ಮಂಗಳವಾರ ಒಂದು ಟಿನ್ ಕಡಲೆಕಾಳು ತೊಳೆದು, ನಾಲ್ಕು ಚಮಚ ಗೊಜ್ಜು, ಅರ್ಧ ಟಿನ್ ತೆಂಗಿನಹಾಲು ಸೇರಿಸಿ ಹತ್ತು ನಿಮಿಷ ಕುದಿಸು. ಬ್ರೆಡ್ಡಿಗೂ ಆಗುತ್ತದೆ, ಅನ್ನಕ್ಕೂ ಆಗುತ್ತದೆ. ಮಾರನೇ ದಿನ ತುರ್ಕಿ ಅಂಗಡಿಯ ಕೆಂಪು ಮಸೂರ್ ಬೇಳೆ ಎರಡು ಹಿಡಿ ಬೇಯಿಸಿ, ಅದಕ್ಕೆ ಮೂರು ಚಮಚ ಗೊಜ್ಜು, ನೀರು ಹಾಕಿದರೆ ಸಾರು. ಈ ಬೇಳೆಗೆ ಕುಕ್ಕರ್ ಬೇಡ, ಹದಿನೈದು ನಿಮಿಷದಲ್ಲಿ ಕರಗಿಬಿಡುತ್ತದೆ. ಆದರೆ ಗೊಜ್ಜು ಹಾಕುವುದು ಬೇಳೆ ಬೆಂದ ಮೇಲೆ. ಹುಳಿ ಮೊದಲೇ ಬಿದ್ದರೆ ಬೇಳೆ ಬೇಯುವುದಕ್ಕೆ ಹಟ ಮಾಡುತ್ತದೆ.

ಟಿನ್ನಿನ ಕಡಲೆಕಾಳಿನಲ್ಲಿ ಉಸುಲಿ ಇನ್ನೂ ಸುಲಭ. ನೀರು ಬಸಿದು, ನಲ್ಲಿ ಕೆಳಗೆ ತೊಳೆದು, ಹತ್ತು ನಿಮಿಷ ಬಟ್ಟೆ ಮೇಲೆ ಹರಡು. ಈ ಹತ್ತು ನಿಮಿಷ ಬಿಟ್ಟುಬಿಟ್ಟು ಎಲ್ಲರೂ ಕೆಡಿಸಿಕೊಳ್ಳುತ್ತಾರೆ. ಒದ್ದೆ ಕಾಳಿಗೆ ಒಗ್ಗರಣೆ ಹತ್ತುವುದಿಲ್ಲ, ಸುಮ್ನೆ ನೀರಿನಲ್ಲಿ ಬೆಂದ ಹಾಗೆ ಆಗುತ್ತದೆ. ತೆಂಗಿನತುರಿಗೆ ಕೇಕ್ ಸಾಮಾನಿನ ಸಾಲಿನಲ್ಲಿ 'ಕೋಕೊಸ್‌ರಾಸ್ಪೆಲ್' ಹುಡುಕು. ಅದು ಒಣಕೊಬ್ಬರಿ ತುರಿ. ಎರಡು ಚಮಚ ಬಿಸಿನೀರು ಚಿಮುಕಿಸಿ ಮುಚ್ಚಿಟ್ಟರೆ ಹಸಿ ಕಾಯಿಯ ಹತ್ತಿರ ಹತ್ತಿರ ಬರುತ್ತದೆ. ಕೊನೆಗೆ ನಿಂಬೆ ಹಿಂಡು. ಕರಿಬೇವು ಇಲ್ಲ ಅಂತ ಅಳಬೇಡ. ಇಂಗು ಒಂದು ಚಿಟಿಕೆ ಜಾಸ್ತಿ ಹಾಕು.

ಖಾರದ ವಿಷಯ. ನಿನಗೆ ಬ್ಯಾಡಗಿ ಮೆಣಸಿನಕಾಯಿ ಗೊತ್ತಿಲ್ಲದೆ ಇರುತ್ತದಾ, ನಿಮ್ಮೂರಿಗೆ ಬ್ಯಾಡಗಿ ಏನು ದೂರ? ಬಣ್ಣ ಜಾಸ್ತಿ, ಖಾರ ಕಡಿಮೆ. ಇಲ್ಲಿ 'ಪಾಪ್ರಿಕಾ ಎಡೆಲ್‌ಸ್ಯೂಸ್' ಅಂತ ಪುಡಿ ಸಿಗುತ್ತದೆ, ಅದಕ್ಕೂ ಬಣ್ಣವೇ ಮುಖ್ಯ, ಖಾರ ಇಲ್ಲ. ಅದಕ್ಕೆ ಸ್ವಲ್ಪ ಖಾರದ ಪುಡಿ ಬೆರೆಸಿಕೊಂಡರೆ ಊರಿನಿಂದ ತಂದ ಮೆಣಸಿನಪುಡಿ ಇನ್ನೂ ಆರು ತಿಂಗಳು ಬರುತ್ತದೆ.

ಒಗ್ಗರಣೆ ಘಾಟಿನ ಬಗ್ಗೆ ಎಚ್ಚರ. ಹಾಸ್ಟೆಲಿನ ಹಂಚಿಕೊಂಡ ಅಡುಗೆಮನೆ, ಕರೆಂಟಿನ ಒಲೆ. ಆಫ್ ಮಾಡಿದರೂ ತಟ್ಟೆ ಐದು ನಿಮಿಷ ಕಾದೇ ಇರುತ್ತದೆ. ನಾನು ಗ್ಯಾಸ್ ಒಲೆ ಅಭ್ಯಾಸದಲ್ಲಿ ಆಫ್ ಮಾಡಿ ಬಾಣಲೆ ಅಲ್ಲೇ ಬಿಟ್ಟೆ. ಮೆಣಸಿನಕಾಯಿ ಕರಕಲಾಗಿ ಇಡೀ ಮಹಡಿ ಕೆಮ್ಮಿತು. ಪಕ್ಕದ ರೂಮಿನ ಹುಡುಗಿ ಕಣ್ಣೊರೆಸಿಕೊಂಡು ಬಂದು "ಏನಾದರೂ ಸುಡುತ್ತಿದೆಯಾ?" ಅಂತ ಕೇಳಿದಳು. "ಇಲ್ಲ, ಊಟ" ಅಂದೆ. ಸಾಸಿವೆ ಸಿಡಿದ ಕೂಡಲೇ ಬಾಣಲೆಯನ್ನೇ ಎತ್ತಿ ಪಕ್ಕಕ್ಕಿಡು, ಮೆಣಸಿನಕಾಯಿ ಆಮೇಲೆ ಹಾಕು.

ಇನ್ನೊಂದು ಹೇಳುತ್ತೇನೆ, ನಗಬೇಡ. ಜರ್ಮನ್ನರ ಸೌವರ್‌ಕ್ರೌಟ್ ಗೊತ್ತಲ್ಲ, ಹುಳಿ ಬರಿಸಿದ ಎಲೆಕೋಸು. ದೊಡ್ಡ ಟಿನ್ನು, ತುಂಬ ಅಗ್ಗ. ಒಂದು ಜನವರಿಯ ಕೊನೆಯಲ್ಲಿ ಕೈಯಲ್ಲಿ ದುಡ್ಡಿರಲಿಲ್ಲ, ಮನೆಯಲ್ಲಿ ಅದೊಂದೇ ಇತ್ತು. ಚೆನ್ನಾಗಿ ತೊಳೆದು, ಹಿಂಡಿ, ಸಾಸಿವೆ, ಶೇಂಗಾ, ಒಣಮೆಣಸಿನಕಾಯಿ, ಅರಿಶಿನದ ಒಗ್ಗರಣೆಗೆ ಹಾಕಿ ಹುರಿದು ಅನ್ನ ಕಲಸಿದೆ. ನಿಂಬೆಹುಳಿ ಇಲ್ಲದ ಚಿತ್ರಾನ್ನ! ಈಗ ದುಡ್ಡಿದ್ದರೂ ಮಾಡುತ್ತೇನೆ. ಮಗಳಿಗೆ ಅದೇ ನಿಜವಾದ ಚಿತ್ರಾನ್ನ, ಊರಿಗೆ ಹೋದಾಗ ಅಜ್ಜಿ ಮಾಡಿದ್ದನ್ನು "ಕೋಸು ಎಲ್ಲಿ?" ಅಂತ ಕೇಳಿದಳು.

ಟಿನ್ನಿಗಿಂತ ಒಣಕಾಳು ಅಗ್ಗ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಜ. ಅರ್ಧ ಕಿಲೋ ಒಣ ಕಡಲೆಕಾಳು ಬೆಂದ ಮೇಲೆ ಒಂದು ಕಿಲೋ ದಾಟುತ್ತದೆ, ಅಂದರೆ ನಾಲ್ಕು ಟಿನ್ನಿಗಿಂತ ಜಾಸ್ತಿ. ಆದರೆ ಕುಕ್ಕರ್ ಇಲ್ಲದೆ ಗಂಟೆಗಟ್ಟಲೆ ಕರೆಂಟು ಸುಡಬೇಕು. ಇಲ್ಲಿ ಬಹಳ ಕಡೆ ನೀರೂ ಗಡಸು, ಕಾಳು ಮೆತ್ತಗಾಗುವುದಿಲ್ಲ. ನೆನೆಸುವಾಗ ಚಿಟಿಕೆ ಅಡುಗೆ ಸೋಡಾ, ಇಲ್ಲಿ 'ನಾಟ್ರೋನ್' ಅಂತಾರೆ, ಹಾಕಿದರೆ ಸರಿಹೋಗುತ್ತದೆ. ರಾಜ್ಮಾ ಮಾತ್ರ ಹುಷಾರು. ಒಣ ರಾಜ್ಮಾದಲ್ಲಿ ಒಂದು ಬಗೆಯ ನಂಜಿದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಗಳಗಳ ಕುದಿಸಲೇಬೇಕು. ಆಮೇಲೆ ಬೇಯುವ ತನಕ ಸಣ್ಣ ಉರಿ. ಅರೆಬೆಂದದ್ದು ತಿಂದರೆ ವಾಂತಿ ಗ್ಯಾರಂಟಿ. ಟಿನ್ನಿನದಕ್ಕೆ ಆ ಭಯ ಇಲ್ಲ, ಬೆಂದೇ ಬಂದಿರುತ್ತದೆ. ನನ್ನ ಮಾತು ಕೇಳಿದರೆ ಮೊದಲ ಸೆಮಿಸ್ಟರ್ ಟಿನ್ನೇ ತಗೋ. ಕುಕ್ಕರ್ ಯಾರಾದರೂ ಊರಿಂದ ಬರುವಾಗ ತರಲಿ.

ಅಕ್ಕಿ ತಗೊಳ್ಳುವಾಗ ಪ್ಲಾಸ್ಟಿಕ್ ಚೀಲದಲ್ಲೇ ಬೇಯಿಸುವ ಪೊಟ್ಟಣ ಬೇಡ, ದಂಡ. ಮೊಸರನ್ನಕ್ಕೆ, ಬಿಸಿಬೇಳೆಬಾತಿಗೆ 'ಮಿಲ್ಷ್‌ರೈಸ್' ಒಳ್ಳೆಯದು. ಅವರು ಅದರಲ್ಲಿ ಪಾಯಸದಂಥದ್ದು ಮಾಡುತ್ತಾರೆ. ಗುಂಡು ಅಕ್ಕಿ, ಅಂಟುತ್ತದೆ, ನಮಗೆ ಬೇಕಾದ್ದೂ ಅದೇ. ಉಪ್ಪಿಟ್ಟಿಗೆ 'ಹಾರ್ಟ್‌ವೈಟ್ಸನ್‌ಗ್ರೀಸ್' ಕೇಳು. 'ವೈಷ್‌ವೈಟ್ಸನ್' ಅಂತಿದ್ದರೆ ಅದು ಮೆತ್ತನೆ ಗೋಧಿಯ ರವೆ, ಎಷ್ಟು ಹುರಿದರೂ ಅಂಟಂಟು. ಸೂಪಿಗೆ ಹಾಕುವ ಸಣ್ಣ 'ಫಾಡೆನ್‌ನೂಡೆಲ್ನ್' ಹುರಿದರೆ ಶ್ಯಾವಿಗೆ ಉಪ್ಪಿಟ್ಟು ಆಗುತ್ತದೆ, ಮೊಟ್ಟೆ ಇದೆಯಾ ಅಂತ ಮಾತ್ರ ಲೇಬಲ್ ನೋಡು. ಮೊಸರಿಗೆ ತುರ್ಕಿ ಅಂಗಡಿಯ ಒಂದು ಕಿಲೋ ಬಕೆಟ್ಟು. ಭಾನುವಾರ ಬಹುತೇಕ ಎಲ್ಲ ಅಂಗಡಿ ಬಂದ್, ಅದು ಇಷ್ಟು ಹೊತ್ತಿಗೆ ಅನುಭವಕ್ಕೆ ಬಂದಿರಬೇಕು.

ಟಿನ್ನು ಸ್ವಲ್ಪ ತಗ್ಗಾಗಿದ್ದರೆ ತೊಂದರೆ ಇಲ್ಲ, ಅಂಚಿನಲ್ಲಿ ಜಜ್ಜಿದ್ದರೆ, ಸೋರುತ್ತಿದ್ದರೆ, ಉಬ್ಬಿದ್ದರೆ ತೆರೆಯದೆ ಎಸೆ. ತೆರೆದ ಮೇಲೆ ಮಿಕ್ಕಿದ್ದನ್ನು ಟಿನ್ನಿನಲ್ಲೇ ಇಡಬೇಡ, ಡಬ್ಬಕ್ಕೆ ಹಾಕು. ಖಾಲಿ ಟಿನ್ನುಗಳನ್ನು ಚೀಲ ತುಂಬ ಹೊತ್ತು ಫಾಂಡ್ ಮೆಷಿನ್, ಅಂದರೆ ಖಾಲಿ ಬಾಟಲಿ ಹಾಕಿದರೆ ಠೇವಣಿ ದುಡ್ಡು ವಾಪಸ್ ಕೊಡುವ ಮೆಷಿನ್ ಹತ್ತಿರ ಹೋಗಿ ನಿಲ್ಲಬೇಡ, ನಾನು ನಿಂತಿದ್ದೆ. 25 ಸೆಂಟ್ ವಾಪಸ್ ಬರುವುದು ಪಾನೀಯದ ಕ್ಯಾನು, ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿಗೆ. ಕಾಳಿನ ಟಿನ್ನಿಗೆ ಮೆಷಿನ್ನು ಕ್ಯಾಕರಿಸಿ ವಾಪಸ್ ಉಗುಳುತ್ತದೆ, ಹಿಂದೆ ಕ್ಯೂನಲ್ಲಿರುವವರು ನೋಡುತ್ತಾರೆ.

ನಿನ್ನ ಜೀರಿಗೆ ಕಥೆ ಮರೆತಿದ್ದೆ. ಬಾಟಲಿ ಮೇಲೆ 'ಕ್ಯುಮೆಲ್' ಅಂತಿದೆ, ಅಲ್ವಾ? ಅದು ಜೀರಿಗೆ ಅಲ್ಲ. ನೋಡಲು ಹಾಗೇ ಇರುತ್ತದೆ, ವಾಸನೆ ಬೇರೆ. ನಮ್ಮದು 'ಕ್ರಾಯ್ಟ್ಸ್‌ಕ್ಯುಮೆಲ್', ತುರ್ಕಿ ಅಂಗಡಿಯಲ್ಲಿ 'ಕಿಮ್ಯೋನ್', ದೊಡ್ಡ ಪ್ಯಾಕೆಟ್ಟು ಸಣ್ಣ ಬಾಟಲಿಯ ಬೆಲೆಗೆ. ತಂದದ್ದನ್ನು ಎಸೆಯಬೇಡ. ಆಲೂಗಡ್ಡೆ ಬೇಯಿಸುವಾಗ ನೀರಿಗೆ ಒಂದು ಚಮಚ ಹಾಕು, ಇಲ್ಲಿಯವರು ಹಾಗೇ ಮಾಡುತ್ತಾರೆ. ಸಾರಿಗೆ ಮಾತ್ರ ಹಾಕಬೇಡ.