ಫೈಲು ನಿಮ್ಮ ಆಫೀಸಿನಲ್ಲಿ, ಕಾಫಿ ಅವರ ಲೆಕ್ಕದಲ್ಲಿ

ಈ ವಾರದ ಕಾಗದಗಳಲ್ಲಿ ಒಂದನ್ನು ಓದಿ ಮುಗಿಸುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು. ಸಿಟ್ಟು ಬಂದದ್ದು ಬರೆದವರ ಗೆಳತಿಯ ಮೇಲೆ. ಆಕೆ ಇಡೀ ಕಾಗದದಲ್ಲಿ ಎರಡೇ ಸಾಲಿನಲ್ಲಿ ಬಂದುಹೋಗುತ್ತಾರೆ. ಅವರ ಸರದಿ ಆಮೇಲೆ.

ಬರೆದವರಿಗೆ 36 ವರ್ಷ. ತವರು, ಅತ್ತೆಮನೆ ಎರಡೂ ಧಾರವಾಡ. ಓದಿದ್ದು ಸಿಎ, ಕೆಲಸ ಮುಂಬೈಯ ಒಂದು ವಿಮಾ ಕಂಪನಿಯ ಹೂಡಿಕೆ ವಿಭಾಗದಲ್ಲಿ. ಗಂಡ, ಎಂಟು ವರ್ಷದ ಮಗಳು, ಅತ್ತೆ ಬೆಂಗಳೂರಿನಲ್ಲಿದ್ದಾರೆ. ಇವರು ತಿಂಗಳಿಗೆ ಎರಡು ಸಲ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬಂದುಹೋಗುತ್ತಾರೆ. ಐದು ತಿಂಗಳ ಹಿಂದೆ, ಜೊತೆಗೆ ಓದಿದ ಗೆಳತಿಯೊಬ್ಬರು ಬೆಂಗಳೂರಿನ ವೆಂಚರ್ ಕ್ಯಾಪಿಟಲ್ ಸಂಸ್ಥೆಯ (ಬೇರೆಯವರ ಹಣವನ್ನು ಫಂಡ್ ಆಗಿ ಕೂಡಿಸಿ ಹೊಸ ಕಂಪನಿಗಳಲ್ಲಿ ಹೂಡುವ ಸಂಸ್ಥೆ) ಪಾರ್ಟ್‌ನರ್ ಒಬ್ಬರನ್ನು ಪರಿಚಯಿಸಿದರು. ಅಲ್ಲಿಂದ ಇಲ್ಲಿಯವರೆಗೆ ಏಳು ಭೇಟಿ. ‘ನಿಮ್ಮಂಥವರು ಪ್ರಿನ್ಸಿಪಲ್ ಆಗಿ ಬರಬೇಕು, ಸಂಬಳ ಆಮೇಲೆ ಮಾತಾಡೋಣ, ನಿಜವಾದ ದುಡ್ಡು ಇರುವುದು ಕ್ಯಾರಿಯಲ್ಲಿ’ ಎಂದು ಪಾರ್ಟ್‌ನರ್ ಹೇಳಿದ್ದಾರೆ. ಪ್ರಿನ್ಸಿಪಲ್ ಎಂದರೆ ಅಲ್ಲಿ ಪಾರ್ಟ್‌ನರ್‌ಗಿಂತ ಕೆಳಗಿನ ಹಿರಿಯ ಹುದ್ದೆ, ಕ್ಯಾರಿ ಎಂದರೆ ಫಂಡ್‌ನ ಲಾಭದಲ್ಲಿ ಪಾಲು. ಮಿಕ್ಕ ಹೊತ್ತೆಲ್ಲ ‘ಸ್ಟ್ರಾಟೆಜಿ’ ಮಾತು: ಮಾರುಕಟ್ಟೆ ಎತ್ತ ಹೋಗುತ್ತಿದೆ, ದೊಡ್ಡ ಸಂಸ್ಥೆಗಳು ವೆಂಚರ್ ಫಂಡ್‌ಗಳನ್ನು ಹೇಗೆ ಅಳೆಯುತ್ತವೆ, ನಿಮ್ಮ ಹೂಡಿಕೆ ಕಮಿಟಿಯಲ್ಲಿ ಯಾರ ಮಾತು ನಡೆಯುತ್ತದೆ. ‘ನನ್ನ ಅಭಿಪ್ರಾಯವನ್ನು ಇಷ್ಟು ಗೌರವದಿಂದ ಕೇಳಿದವರು ಆಫೀಸಿನಲ್ಲೂ ಇಲ್ಲ’ ಎಂದು ಬರೆದಿದ್ದೀರಿ. ಆ ಸಾಲು ಓದಿ ನನಗೆ ಪಾಪ ಅನ್ನಿಸಿತು.

ನಿಮ್ಮ ಪ್ರಶ್ನೆ: ಭದ್ರವಾದ ಕೆಲಸ ಬಿಟ್ಟು ಹೋಗಲೇ, ಬೇಡವೇ? ಅತ್ತೆ ಅಡ್ಡ ಬರುತ್ತಿದ್ದಾರೆ, ಏನು ಮಾಡಲಿ?

ಇನ್ನು ಕಾಗದದ ಮೂರನೇ ಪುಟ. ಅಲ್ಲಿ ಕಂಸದೊಳಗೆ ಒಂದು ವಾಕ್ಯ ತುರುಕಿದ್ದೀರಿ: ‘ಅವರ ಎರಡನೇ ಫಂಡ್‌ನ ಪ್ರಸ್ತಾವ ನಮ್ಮ ಆಫೀಸಿಗೂ ಬಂದಿದೆ, ಆದರೆ ಅದನ್ನು ನೋಡುವುದು ಪಕ್ಕದ ಟೀಮ್.’

ಅಲ್ಲಮ್ಮಾ, ಇಡೀ ಕಾಗದದಲ್ಲಿ ಮುಖ್ಯವಾದ ಮಾತು ಅದೊಂದೇ. ಅತ್ತೆ, ಗಂಡ, ಕ್ಯಾರಿ, ಉದ್ಯಾನ್ ಎಕ್ಸ್‌ಪ್ರೆಸ್ ಎಲ್ಲ ಆಮೇಲಿನದು. ನಿಮ್ಮ ಕಂಪನಿಯ ಹಣ ಬೇಕೆಂದು ಅರ್ಜಿ ಹಾಕಿಕೊಂಡಿರುವವರು ನಿಮಗೆ ಕೆಲಸದ ಆಸೆ ತೋರಿಸುತ್ತ, ನಿಮ್ಮ ಕಮಿಟಿ ಹೇಗೆ ಯೋಚಿಸುತ್ತದೆಂದು ಕೇಳುತ್ತಿದ್ದಾರೆ. ನೀವು ಉತ್ತರ ಕೊಡುತ್ತಿದ್ದೀರಿ. ‘ಸಾಮಾನ್ಯವಾಗಿ ಎಲ್ಲರಿಗೂ ಗೊತ್ತಿರುವುದನ್ನೇ ಹೇಳಿದೆ’ ಎಂದಿದ್ದೀರಿ. ಕಮಿಟಿಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದರೆ ಪಾರ್ಟ್‌ನರ್ ನಿಮ್ಮನ್ನೇಕೆ ಕೇಳುತ್ತಿದ್ದರು?

ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಹಣ ಎತ್ತಲು ಹೊರಟವರು ಹತ್ತು ಬಾಗಿಲು ತಟ್ಟಲೇಬೇಕು, ಯಾವ ಬಾಗಿಲ ಚಿಲಕ ಸಡಿಲವಿದೆಯೆಂದು ನೋಡಲೇಬೇಕು. ವಿಮಾ ಕಂಪನಿಯಂಥ ಸಂಸ್ಥೆಯ ಹೆಸರು ಹೂಡಿಕೆದಾರರ ಪಟ್ಟಿಯಲ್ಲಿ ಬಿತ್ತೆಂದರೆ ಅದನ್ನು ತೋರಿಸಿ ಇನ್ನೂ ನಾಲ್ಕು ಜನರನ್ನು ಒಪ್ಪಿಸಬಹುದು. ಮೊದಲ ಕ್ಲೋಸ್ ಆಗುವವರೆಗೆ, ಅಂದರೆ ಮೊದಲ ಗುಂಪಿನ ಹೂಡಿಕೆದಾರರು ಸಹಿ ಹಾಕುವವರೆಗೆ, ಇಂಥವರಿಗೆ ರಾತ್ರಿ ನಿದ್ದೆ ಇರುವುದಿಲ್ಲ. ಅವರಿಗೆ ನೀವು ನಿಜಕ್ಕೂ ಬೇಕಾಗಿರಲೂಬಹುದು. ಸಂಸ್ಥೆಗಳ ಕಡೆಯಿಂದ ಫಂಡ್‌ಗಳನ್ನು ಅಳೆದು ತೂಗಿದವರನ್ನು ವೆಂಚರ್ ಸಂಸ್ಥೆಗಳು ತೆಗೆದುಕೊಳ್ಳುವುದುಂಟು. ಆದರೆ ಈಗ ಎರಡು ಮಾತೂ ಒಂದೇ ಮೇಜಿನ ಮೇಲೆ ಕಲಸಿಹೋಗಿವೆ. ಯಾವುದು ಕೆಲಸದ ಮಾತು, ಯಾವುದು ಫೈಲಿನ ಮಾತು ಎಂದು ಬಹುಶಃ ಅವರಿಗೂ ತಿಳಿದಿರಲಿಕ್ಕಿಲ್ಲ.

ಗೆಳತಿಗೆ ಮಾತ್ರ ಚೆನ್ನಾಗಿ ತಿಳಿದಿತ್ತು. ಆಕೆ ‘ಅದೇ ಫಂಡ್‌ನಲ್ಲಿ ಇನ್ವೆಸ್ಟರ್ ರಿಲೇಶನ್ಸ್ ನೋಡಿಕೊಳ್ಳುತ್ತಾಳೆ’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಹೂಡಿಕೆದಾರರನ್ನು ಹುಡುಕಿ ತರುವುದೇ ಆ ಹುದ್ದೆಯ ಕೆಲಸ. ಪ್ರಸ್ತಾವ ಯಾವ ಯಾವ ಆಫೀಸಿಗೆ ಹೋಗಿದೆ, ಯಾವ ದಿನ ಹೋಗಿದೆ ಎಂಬ ಪಟ್ಟಿ ಆಕೆಯ ಲ್ಯಾಪ್‌ಟಾಪಿನಲ್ಲೇ ಇರುತ್ತದೆ. ಹಾಗಿದ್ದೂ ಪರಿಚಯ ಮಾಡಿಸುವಾಗ ‘ನೋಡೇ, ನಮ್ಮ ಪ್ರಸ್ತಾವ ನಿಮ್ಮಲ್ಲಿದೆ, ಹುಷಾರಾಗಿ ಮಾತಾಡು’ ಎಂದು ಒಂದು ಮಾತು ಹೇಳಲಿಲ್ಲ. ನಾಳೆ ವಿಷಯ ಹೊರಬಿದ್ದರೆ ಪಾರ್ಟ್‌ನರ್ ಇನ್ನೊಂದು ವಿಮಾ ಕಂಪನಿಯ ಬಾಗಿಲಿಗೆ ಹೋಗುತ್ತಾರೆ, ಗೆಳತಿಗೆ ಆ ವರ್ಷದ ಬೋನಸ್ ಸ್ವಲ್ಪ ಕಮ್ಮಿಯಾದೀತು. ಎಚ್‌ಆರ್‌ ಮುಂದೆ ಕೂತು ವಿವರಣೆ ಬರೆದುಕೊಡಬೇಕಾದವರು ನೀವೊಬ್ಬರೇ. ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ಎಂದು ಬರೆದಿದ್ದೀರಿ. ಹಾಗಾದರೆ ಆಕೆ ಮಾಡಿದ್ದು ಇನ್ನೂ ತಪ್ಪು.

ಅತ್ತೆಯ ಬಗ್ಗೆ ನೀವು ಬರೆದಿರುವ ಒಂದಿಡೀ ಪುಟವನ್ನು ನಾನು ಒಪ್ಪುವುದಿಲ್ಲ. ‘ಅವರಿಗೆ ಈ ಪ್ರಪಂಚ ಅರ್ಥವಾಗುವುದಿಲ್ಲ’ ಎನ್ನುತ್ತೀರಿ. ಅವರು ಕೇಳಿದ್ದನ್ನು ನೀವೇ ಬರೆದಿದ್ದೀರಿ: ‘ಐದು ತಿಂಗಳಾತು, ಬರೇ ಕಾಫಿ ಕುಡಸಾಕತ್ತಾರ. ಪಗಾರ ಎಷ್ಟಂತ ಹೇಳ್ಯಾರೇನವಾ?’ ಏಳು ಭೇಟಿಯಲ್ಲಿ ಯಾರೂ ಕೇಳದ ಒಂದೇ ಒಂದು ಸರಿಯಾದ ಪ್ರಶ್ನೆ ಅದು. ಈ ಅಂಕಣದ ಹಳೆಯ ಓದುಗರಿಗೆ ನನ್ನ ಹಠ ಗೊತ್ತು: ಸಂಬಳದ ಅಂಕಿ ಬಾಯಿಬಿಟ್ಟು ಹೇಳದವರ ಎದುರು ಮೂರನೇ ಸಲ ಕೂರಬಾರದು. ಆಸ್ಪತ್ರೆಯ ನರ್ಸ್ ಕೇಳಿದಾಗಲೂ ಇದನ್ನೇ ಹೇಳಿದ್ದೆ, ಸೀರಿಯಲ್ ನಟಿ ಕೇಳಿದಾಗಲೂ ಇದನ್ನೇ. ವೆಂಚರ್ ಕ್ಯಾಪಿಟಲ್ ಎಂಬ ದೊಡ್ಡ ಹೆಸರಿದೆಯೆಂದು ನಿಯಮ ಬದಲಾಗುವುದಿಲ್ಲ.

ಕ್ಯಾರಿ ವಿಷಯಕ್ಕೆ ಬರೋಣ. ಫಂಡ್ ಗಳಿಸುವ ಲಾಭದಲ್ಲಿ ನಡೆಸುವವರಿಗೆ ಸಿಗುವ ಪಾಲು ಅದು, ವಾಡಿಕೆಯಲ್ಲಿ ಶೇ 20. ನಿಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೇರೆಯವರ ಫಂಡ್‌ಗಳಿಗೆ ಈ ಲೆಕ್ಕ ದಿನವೂ ಹಾಕುತ್ತೀರಿ, ನಿಮ್ಮ ಪಾಲಿಗೆ ಮಾತ್ರ ಹಾಕಿಲ್ಲ. 500 ಕೋಟಿಯ ಫಂಡ್ ಎಂದಿಟ್ಟುಕೊಳ್ಳಿ. ಲೆಕ್ಕ ಸುಲಭವಾಗಲೆಂದು ಹಣವೆಲ್ಲ ಮೊದಲ ದಿನವೇ ಬಂತು, ಹತ್ತು ವರ್ಷ ಮುಗಿದಾಗ ಒಟ್ಟಿಗೆ ಹಿಂದಿರುಗಿತು ಎನ್ನೋಣ. ದುಪ್ಪಟ್ಟಾಗಿ 1,000 ಕೋಟಿ ಬಂತು. ಬೆಂಗಳೂರಿನ ಯಾವ ಪಾರ್ಟಿಯಲ್ಲಾದರೂ ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಮಾತು. ಆದರೆ ಹೂಡಿಕೆದಾರರಿಗೆ ಮೊದಲು ಅಸಲಿನ ಜೊತೆ ವರ್ಷಕ್ಕೆ ಶೇ 8ರ ಹರ್ಡಲ್, ಅಂದರೆ ಕನಿಷ್ಠ ಗಳಿಕೆ, ಸಲ್ಲಬೇಕು ಎಂದು ಒಪ್ಪಂದದಲ್ಲಿದ್ದರೆ, ಚಕ್ರಬಡ್ಡಿಯಲ್ಲಿ ಹತ್ತು ವರ್ಷಕ್ಕೆ ಅದೇ ಸುಮಾರು 1,080 ಕೋಟಿಯಾಗುತ್ತದೆ. ಬಂದದ್ದು 1,000. ಕ್ಯಾರಿ ಸೊನ್ನೆ. ಇನ್ನು ಮೂರು ಪಟ್ಟಾಗಿ 1,500 ಕೋಟಿ ಬಂತು, ಪೂರ್ತಿ ಕ್ಯಾಚ್‌ಅಪ್ (ಹರ್ಡಲ್ ದಾಟಿದ ಮೇಲಿನ ಹಣ, ನಡೆಸುವವರ ಶೇ 20 ಭರ್ತಿಯಾಗುವವರೆಗೆ ಅವರಿಗೇ ಹೋಗುವುದು) ಕೂಡ ಇದೆ ಎನ್ನಿ: ಲಾಭ 1,000 ಕೋಟಿ, ಕ್ಯಾರಿ 200 ಕೋಟಿ. ಅದರಲ್ಲಿ ನಿಮ್ಮ ಪಾಲು ಶೇ 1 ಆದರೆ 2 ಕೋಟಿ. ಅದೂ ಹತ್ತು ವರ್ಷದ ಮೇಲೆ, ಅಷ್ಟು ದಿನ ನೀವು ಅಲ್ಲೇ ಇದ್ದರೆ. ತೆರಿಗೆ ಬೇರೆ ಕಳೆಯಬೇಕು. ನಡುವೆ ಬಿಟ್ಟರೆ ಎಷ್ಟು ಉಳಿಯುತ್ತದೆಂಬುದು ವೆಸ್ಟಿಂಗ್, ಅಂದರೆ ಎಷ್ಟು ವರ್ಷಕ್ಕೆ ಎಷ್ಟು ಪಾಲು ನಿಮ್ಮದಾಗುತ್ತದೆಂಬ ಷರತ್ತಿನ ಮೇಲೆ ನಿಂತಿದೆ. ಅಷ್ಟು ಹೊತ್ತಿಗೆ ನಿಮ್ಮ ಮಗಳಿಗೆ ಹದಿನೆಂಟು ವರ್ಷ.

ಶೇ 1 ಎಂದದ್ದು ನಾನು, ಪಾರ್ಟ್‌ನರ್ ಅಲ್ಲ. ಅವರು ಅಂಕಿಯನ್ನೇ ಹೇಳಿಲ್ಲ.

ಕಡೇ ಭೇಟಿಯಲ್ಲಿ ಅವರು ‘ಸೀನಿಯರ್ ಆಗಿ ಬರುವವರು ಫಂಡ್‌ಗೆ ಸ್ವಲ್ಪ ಸ್ವಂತ ಹಣವನ್ನೂ ಹಾಕುವುದು ಪದ್ಧತಿ’ ಎಂದರಂತೆ. ಪದ್ಧತಿ ಇರುವುದು ನಿಜ. ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ 2012ರ ಎಐಎಫ್ (ಪರ್ಯಾಯ ಹೂಡಿಕೆ ನಿಧಿ) ನಿಯಮದ ಪ್ರಕಾರ ಇಂಥ ಫಂಡ್ ನಡೆಸುವ ಕಡೆಯವರು ಒಟ್ಟು ನಿಧಿಯ ಶೇ 2.5 ಅಥವಾ 5 ಕೋಟಿ ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ತಾವೇ ಹಾಕಿರಬೇಕು. ಆ ಹೊರೆಯನ್ನು ಪಾರ್ಟ್‌ನರ್‌ಗಳು ತಮ್ಮೊಳಗೆ, ಕೆಲವು ಕಡೆ ಸೀನಿಯರ್ ನೌಕರರಿಗೂ, ಹಂಚಿಕೊಳ್ಳುತ್ತಾರೆ. ನೌಕರರು ಫಂಡ್‌ನಲ್ಲಿ ಹೂಡಿಕೆ ಮಾಡುವುದಾದರೆ ಕನಿಷ್ಠ 25 ಲಕ್ಷ ಎಂದು ಆ ನಿಯಮದಲ್ಲೇ ಇದೆ. ಸಂಬಳ ಎಷ್ಟೆಂದು ಹೇಳದವರು, ನೀವು ಎಷ್ಟು ಹಾಕಬೇಕೆಂಬ ಮಾತು ಮೊದಲೇ ತೆಗೆದಿದ್ದಾರೆ. ಧಾರವಾಡದ ಸೈಟು ಮಾರುವ ಯೋಚನೆ ಬಂದಿದೆ ಎಂದಿದ್ದೀರಲ್ಲ, ಅದನ್ನು ಇವತ್ತೇ ತಲೆಯಿಂದ ತೆಗೆದುಹಾಕಿ.

ಹಣದ ಮಾತೆತ್ತಿದರೆ ಸಣ್ಣವಳಾಗುತ್ತೇನೆಂದು ನಿಮಗೆ ಸಂಕೋಚ. ಈ ವ್ಯಾಪಾರದ ಚರಿತ್ರೆಯಲ್ಲೇ ಅದಕ್ಕೆ ಉತ್ತರ ಇದೆ. ಜಾರ್ಜಸ್ ಡೋರಿಯೋ ಮತ್ತಿತರರು 1946ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಅಮೆರಿಕನ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್ ಎಂಬ ಸಂಸ್ಥೆ ಕಟ್ಟಿದರು. ಈಗಿನ ವೆಂಚರ್ ಕ್ಯಾಪಿಟಲ್‌ಗೆ ಅದೇ ಮೂಲ ಎನ್ನುತ್ತಾರೆ. 1957ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಎಂಬ ಹೊಸ ಕಂಪ್ಯೂಟರ್ ಕಂಪನಿಗೆ ಅವರು 70,000 ಡಾಲರ್ ಹಾಕಿದ್ದು ಭಾರಿ ಲಾಭ ತಂದಿತು. ಆದರೆ ಸಂಸ್ಥೆಯ ಶೇರುಗಳು ಮಾರುಕಟ್ಟೆಯಲ್ಲಿದ್ದುದರಿಂದ, ದುಡಿದವರಿಗೆ ಲಾಭದಲ್ಲಿ ತಕ್ಕ ಪಾಲು ಕೊಡಲು ಅದರ ಕಟ್ಟುಪಾಡು ಬಿಡುತ್ತಿರಲಿಲ್ಲ. ಡೋರಿಯೋಗೆ ಬಲಗೈಯಂತಿದ್ದ ಬಿಲ್ ಎಲ್ಫರ್ಸ್ 1965ರಲ್ಲಿ ಹೊರಬಂದು ಗ್ರೇಲಾಕ್ ಶುರು ಮಾಡಿದರು, ಲಾಭ ಹಂಚಿಕೊಳ್ಳಬಹುದಾದ ಪಾಲುದಾರಿಕೆಯ ರೂಪದಲ್ಲಿ. ನಿಮ್ಮ ಎದುರು ಕೂತು ಕಾಫಿ ಕುಡಿಯುವ ಪಾರ್ಟ್‌ನರ್ ಕೂಡ ತನ್ನ ಪಾಲಿನ ಅಂಕಿ ಕೇಳದೆ ಆ ಕುರ್ಚಿಗೆ ಬಂದಿರಲಾರರು. ನೀವು ಕೇಳಿದರೆ ಅವರಿಗೆ ಆಶ್ಚರ್ಯವೇನೂ ಆಗುವುದಿಲ್ಲ.

ಗಂಡನ ಬಗ್ಗೆ ಒಂದು ಮಾತು. ‘ನಿನಗೆ ಹೇಗೆ ಸರಿ ಅನ್ನಿಸುತ್ತೋ ಹಾಗೆ ಮಾಡು’ ಎಂದರಂತೆ. ಒಳ್ಳೆಯವರೇ ಇರಬಹುದು. ಆದರೆ ಇಂಥ ಹೊತ್ತಿನಲ್ಲಿ ಈ ಮಾತು ಹೇಳುವ ಗಂಡಂದಿರು, ಆಮೇಲೆ ಎಡವಟ್ಟಾದಾಗ ‘ನಾನೇನು ಹೇಳಿದ್ದೆನಾ’ ಎನ್ನುವುದನ್ನೂ ಕೇಳಿದ್ದೇನೆ. ಅವರಿಂದ ಒಂದು ಸ್ಪಷ್ಟ ಅಭಿಪ್ರಾಯ ಕೇಳಿ ಪಡೆಯಿರಿ.

ಈಗ ಮಾಡಬೇಕಾದ್ದು. ಐದಾರು ಹಂತದ ಸಲಹೆ ನಿರೀಕ್ಷಿಸಿದ್ದರೆ ಕ್ಷಮಿಸಿ, ನನ್ನಲ್ಲಿರುವುದು ಒಂದೇ. ಇವತ್ತು ಸಂಜೆಯೊಳಗೆ ಪಾರ್ಟ್‌ನರ್‌ಗೆ ಈ ಮೇಲ್ ಕಳಿಸಿ. ವಾಟ್ಸ್‌ಆ್ಯಪ್ ಬೇಡ, ನಿಮ್ಮ ಸ್ವಂತ ಮೇಲ್ ಐಡಿಯಿಂದ ಕಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿ:

‘ನಿಮ್ಮ ಎರಡನೇ ಫಂಡ್‌ನ ಪ್ರಸ್ತಾವ ನಾನು ಕೆಲಸ ಮಾಡುವ ಕಂಪನಿಯ ಪರಿಶೀಲನೆಯಲ್ಲಿದೆ. ಅದರ ಮೇಲೆ ಒಪ್ಪಿಗೆಯೋ ನಿರಾಕರಣೆಯೋ ಆಗುವವರೆಗೆ ನಾನು ನಿಮ್ಮ ಸಂಸ್ಥೆಯ ಯಾರೊಂದಿಗೂ ಕೆಲಸದ ಮಾತನ್ನಾಗಲಿ, ನನ್ನ ಕಂಪನಿಯ ಮಾತನ್ನಾಗಲಿ ಆಡುವುದಿಲ್ಲ. ತೀರ್ಮಾನವಾದ ಮೇಲೂ ನಿಮಗೆ ಆಸಕ್ತಿ ಉಳಿದಿದ್ದರೆ ಹುದ್ದೆ, ಸಂಬಳ, ಕ್ಯಾರಿಯ ಪಾಲು, ವೆಸ್ಟಿಂಗ್ ಮತ್ತು ನಾನು ಹಾಕಬೇಕಾದ ಹಣ, ಇಷ್ಟನ್ನೂ ಬರೆದು ಕಳಿಸಿ.’

ಕೊನೆಯಲ್ಲಿ ಸಾರಿ, ಥ್ಯಾಂಕ್ಸ್, ನಗುಮುಖದ ಚಿತ್ರ ಏನೂ ಬೇಡ.

ನಿಮ್ಮ ಕಂಪನಿ ಆ ಫಂಡ್‌ಗೆ ಇಲ್ಲ ಎಂದ ಮೇಲೂ ಪಾರ್ಟ್‌ನರ್ ಫೋನ್ ಮಾಡಿದರೆ ಅವರಿಗೆ ಬೇಕಾಗಿದ್ದದ್ದು ನೀವು. ಆಗ ಸಂತೋಷವಾಗಿ ಹೋಗಿ ಕೂತು ಚೌಕಾಶಿ ಮಾಡಿ. ಫೋನ್ ಬರದಿದ್ದರೆ ಐದು ತಿಂಗಳ ಕಾಫಿಯ ಅರ್ಥ ನಿಮಗೇ ತಿಳಿಯುತ್ತದೆ. ಹೌದು ಎಂದರೆ ಸ್ವಲ್ಪ ತೊಡಕು: ಹಣ ಕೊಟ್ಟ ಕೂಡಲೇ ಅಲ್ಲಿಗೆ ಹಾರಿದರೆ ನೋಡಿದವರು ಮಾತಾಡುತ್ತಾರೆ, ಮಾತಾಡುವುದು ಸರಿ ಕೂಡ. ಆಗ ಆಫರ್ ಕೈಗೆ ಬಂದ ದಿನವೇ ನಿಮ್ಮ ಕಂಪ್ಲಯನ್ಸ್‌ನವರಿಗೆ (ನಿಯಮಪಾಲನೆ ನೋಡಿಕೊಳ್ಳುವವರಿಗೆ) ಎಲ್ಲವನ್ನೂ ತಿಳಿಸಿ, ಈ ಮೇಲ್‌ನ ಪ್ರತಿಯನ್ನೂ ಕೊಟ್ಟು ಮುಂದುವರಿಯಿರಿ. ಅಲ್ಲಿಯವರೆಗೆ ಪಕ್ಕದ ಟೀಮ್‌ನವರು ಆ ಫಂಡ್ ಬಗ್ಗೆ ನಿಮ್ಮ ಅಭಿಪ್ರಾಯ ಕೇಳಿದರೆ ‘ನಾನು ಇದರಲ್ಲಿ ಮಾತಾಡುವ ಹಾಗಿಲ್ಲ’ ಎಂದುಬಿಡಿ. ಇನ್ನೊಂದು ಆಸೆ ಬರುತ್ತದೆ, ಗೊತ್ತು. ಫಂಡ್‌ನ ಪ್ರಸ್ತಾವದಲ್ಲಿ ತಂಡದವರ ಹೆಸರು, ಅನುಭವ ಎಲ್ಲ ಇರುತ್ತದೆ. ನಿಜವಾಗಿ ಒಬ್ಬ ಪ್ರಿನ್ಸಿಪಲ್ ಜಾಗ ಖಾಲಿ ಇಟ್ಟಿದ್ದಾರೆಯೇ ಎಂದು ಇಣುಕಿ ನೋಡೋಣ ಎನ್ನಿಸುತ್ತದೆ. ಆ ಫೈಲು ಮುಟ್ಟಬೇಡಿ.

ಬೆಂಗಳೂರಿಗೆ ಬರಬೇಕೆಂಬ ಆಸೆ ನ್ಯಾಯವಾದದ್ದು. ಮಗಳ ಪರೀಕ್ಷೆ ದಿನವೂ ಅಮ್ಮ ಕಲಬುರಗಿ ದಾಟುತ್ತಿರುವ ರೈಲಿನಲ್ಲಿ ಕೂತಿರುವುದು ಯಾರಿಗೂ ಬೇಡ. ಆದರೆ ಬೆಂಗಳೂರಿಗೆ ಬರಲು ಈ ಒಬ್ಬ ಪಾರ್ಟ್‌ನರ್ ಮಾತ್ರ ದಾರಿ ಎಂದು ನಿಮಗೆ ಯಾರು ಹೇಳಿದರು? ಫಂಡ್‌ಗಳನ್ನು ಅಳೆಯಬಲ್ಲ ಸಿಎಗಳನ್ನು ಹುಡುಕುವ ಸಂಸ್ಥೆಗಳು ಆ ಊರಿನಲ್ಲಿ ಬೇಕಾದಷ್ಟಿವೆ. ನಿಮ್ಮ ಆಫೀಸಿನಲ್ಲಿ ಅರ್ಜಿ ಹಾಕಿಕೊಳ್ಳದ ನಾಲ್ಕು ಕಡೆ ನೀವೇ ಅರ್ಜಿ ಹಾಕಿ.

ಗೆಳತಿ ಈ ವಾರ ಫೋನ್ ಮಾಡುತ್ತಾರೆ, ಖಂಡಿತ ಮಾಡುತ್ತಾರೆ. ‘ಯಾಕೆ ಹಾಗೆ ಮೇಲ್ ಹಾಕಿದೆ, ಅವರಿಗೆ ಬೇಜಾರಾಗಿದೆ’ ಎನ್ನುತ್ತಾರೆ. ‘ಪ್ರಸ್ತಾವ ನಮ್ಮಲ್ಲಿಗೆ ಬಂದದ್ದು ನಿನಗೆ ಯಾವತ್ತು ಗೊತ್ತಾಯಿತು?’ ಎಂದು ಕೇಳಿ. ಉತ್ತರ ಬರುವವರೆಗೆ ಸುಮ್ಮನಿರಿ.